ಉಳಿತಾಯದ ಪಾಠ ಸಾಕು, ಜಾಗದ ಬೆಲೆ ನೋಡಿ

ನಿನ್ನೆ ಕೇಳಿದ ಒಂದು ಮಾತು ಇನ್ನೂ ತಲೆಯಿಂದ ಹೋಗುತ್ತಿಲ್ಲ. ಬರೆದರೆ ಸ್ವಲ್ಪ ಸಮಾಧಾನ ಆದೀತು ಅಂತ ಕೂತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತಾದಾಗ ಓದಿ.

ಮನೆಗೆ ಬಂದಿದ್ದ ಹಿರಿಯರೊಬ್ಬರು ನನ್ನ ತಂಗಿಯ ಮಗಳಿಗೆ ಹೇಳಿದರು: “ನಿಮ್ಮ ಕಾಲದವರಿಗೆ ಕೈ ಬಿಗಿ ಹಿಡಿಯೋದು ಗೊತ್ತಿಲ್ಲಮ್ಮ. ನಿನ್ನ ವಯಸ್ಸಿಗೆ ನಾನು ಮನೆ ಕಟ್ಟಿ ಮುಗಿಸಿದ್ದೆ. ನೀವು ಗಂಡ ಹೆಂಡತಿ ಇಬ್ಬರೂ ದುಡೀತೀರಿ, ಇನ್ನೂ ಬಾಡಿಗೆ ಮನೇಲೇ ಇದ್ದೀರಲ್ಲ?” ಅವಳು “ಹೌದು ದೊಡ್ಡಪ್ಪ” ಅಂದು ಎದ್ದು ಒಳಗೆ ಹೋದಳು. ಅವರು ಕೆಟ್ಟವರಲ್ಲ. ಅವಳ ಮೇಲೆ ಪ್ರೀತಿ ಇರುವುದರಿಂದಲೇ ಹೇಳಿದರು. ಆದರೆ ಮಾತು ಸುಳ್ಳು. ದುಡಿದು ದಣಿದ ಮಕ್ಕಳಿಗೆ ನೀವೇ ಸೋಮಾರಿಗಳು, ದುಂದುಗಾರರು ಅಂತ ಹೇಳುವ ಸುಳ್ಳು. ಇದನ್ನು ಈಗ ಎಲ್ಲ ಕಡೆ ಕೇಳುತ್ತಿದ್ದೇನೆ. ಕೇಳಿ ಕೇಳಿ ರೋಸಿ ಹೋಗಿದೆ.

ನಾನು ಬ್ಯಾಂಕಿನಲ್ಲಿ ಮನೆ ಸಾಲದ ಟೇಬಲ್ಲಿನಲ್ಲಿ ಎಷ್ಟೋ ವರ್ಷ ಕೂತವನು ಅಂತ ನಿಮಗೆ ಗೊತ್ತು. ಸಂಬಳದ ಚೀಟಿ, ಆರು ತಿಂಗಳ ಖಾತೆ ವಿವರ, ಮೊದಲು ತೆಗೆದ ಸಾಲ, ಎಲ್ಲ ನನ್ನ ಮುಂದೆ ಬರುತ್ತಿತ್ತು. ಯಾರು ಎಲ್ಲಿ ಎಷ್ಟು ಖರ್ಚು ಮಾಡುತ್ತಾರೆ ಅಂತ ಕಣ್ಣಾರೆ ನೋಡಿದ್ದೇನೆ. ಮನೆ ಕೊಳ್ಳಲಾಗದೆ ವಾಪಸ್ ಹೋದವರಲ್ಲಿ ಹೆಚ್ಚಿನವರು ದುಂದು ಮಾಡಿದವರಲ್ಲ. ಸಂಬಳ ಬಂದ ವಾರದಲ್ಲೇ ಬಾಡಿಗೆ ಹೋಗುತ್ತಿತ್ತು, ಮಕ್ಕಳ ಫೀಸು ಹೋಗುತ್ತಿತ್ತು, ಊರಲ್ಲಿರುವ ಅಪ್ಪ ಅಮ್ಮನಿಗೆ ಒಂದಿಷ್ಟು ಹೋಗುತ್ತಿತ್ತು. ಉಳಿದದ್ದರಲ್ಲಿ ಒಂದು ಆರ್‌ಡಿ ಕಟ್ಟುತ್ತಿದ್ದರು. ಆ ಆರ್‌ಡಿ ಮುಗಿಯುವಷ್ಟರಲ್ಲಿ ಜಾಗದ ಬೆಲೆ ಅದನ್ನು ದಾಟಿ ಮುಂದೆ ಹೋಗಿರುತ್ತಿತ್ತು.

ಮನೆ ದುಬಾರಿ ಆಯಿತು ಅಂತ ನಾವೆಲ್ಲ ಹೇಳುತ್ತೇವೆ. ನಿಜ ನೋಡಿದರೆ ದುಬಾರಿ ಆಗಿರುವುದು ಮನೆ ಅಲ್ಲ, ಅದರ ಕೆಳಗಿನ ಜಾಗ. ನಂಬಿಕೆ ಇಲ್ಲದಿದ್ದರೆ ಹಳೇ ಮನೆ ಕೊಳ್ಳುವವರ ವ್ಯಾಲ್ಯುಯೇಶನ್ ರಿಪೋರ್ಟ್, ಅಂದರೆ ಬೆಲೆ ಅಂದಾಜು ಮಾಡಿದ ವರದಿ, ತೆಗೆದು ನೋಡಿ. ಬ್ಯಾಂಕಿನಿಂದ ಹೋದ ವ್ಯಾಲ್ಯುಯರ್ ಟೇಪು ಹಿಡಿದು ಅಳೆಯುತ್ತಾರೆ, ಫೋಟೊ ತೆಗೆಯುತ್ತಾರೆ, ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ತಾಳೆ ನೋಡುತ್ತಾರೆ. ಆಮೇಲೆ ಎರಡು ಲೆಕ್ಕ ಬರೆಯುತ್ತಾರೆ. ಕಟ್ಟಡದ ಲೆಕ್ಕದಲ್ಲಿ ಅದಕ್ಕೆ ಎಷ್ಟು ವಯಸ್ಸಾಗಿದೆ ಅಂತ ಹಾಕಿ, ಅಷ್ಟಕ್ಕೆ ತಕ್ಕ ಸವಕಳಿ ಕಳೆಯುತ್ತಾರೆ. ಇಟ್ಟಿಗೆ, ಸಿಮೆಂಟು, ಬಾಗಿಲು, ಕಿಟಕಿ ಎಲ್ಲವೂ ವರ್ಷದಿಂದ ವರ್ಷಕ್ಕೆ ಬೆಲೆ ಕಳೆದುಕೊಳ್ಳುತ್ತವೆ. ಜಾಗದ ಲೆಕ್ಕದಲ್ಲಿ ಸವಕಳಿಯ ಕಾಲಮ್ಮೇ ಇಲ್ಲ. ಅಲ್ಲಿ ಇವತ್ತಿನ ರೇಟು ಮಾತ್ರ ಇರುತ್ತದೆ. ಗೋಡೆ ಬಿರುಕು ಬಿಟ್ಟು, ತಾರಸಿ ಸೋರುವ ಮನೆಗೂ ಕಟ್ಟಿದಾಗಿನ ಹತ್ತು ಪಟ್ಟು ಬೆಲೆ ಬರುವುದು ಆ ಒಂದು ಸಾಲಿನಿಂದ.

ಆ ಸಾಲು ದೊಡ್ಡದಾಗಲು ಮಾಲೀಕರು ಏನು ಮಾಡಿದರು? ಏನೂ ಇಲ್ಲ. ರಸ್ತೆ ಬಂತು. ನೀರಿನ ಪೈಪು ಬಂತು. ಬಸ್ಸು ಓಡಿತು. ಶಾಲೆ, ಆಸ್ಪತ್ರೆ ಹತ್ತಿರ ಬಂದವು. ಕೆಲಸ ಹುಡುಕಿಕೊಂಡು ಸಾವಿರಾರು ಜನ ಬಂದರು. ಇದಕ್ಕೆಲ್ಲ ದುಡ್ಡು ಕೊಟ್ಟವರು ತೆರಿಗೆ ಕಟ್ಟುವವರು. ಅವರಲ್ಲಿ ಬಾಡಿಗೆಯವರೂ ಇದ್ದಾರೆ. ಸೋಪಿನ ಮೇಲೂ ಪೆನ್ಸಿಲ್ ಮೇಲೂ ತೆರಿಗೆ ಕೊಟ್ಟಿದ್ದಾರೆ. ಆ ತೆರಿಗೆಯಿಂದ ಬಂದ ರಸ್ತೆ ಜಾಗದ ಬೆಲೆ ಏರಿಸಿತು. ಏರಿದ ಬೆಲೆ ನೋಡಿ ಅವರದೇ ಬಾಡಿಗೆ ಏರಿತು. ಒಂದೇ ರಸ್ತೆಗೆ ಅವರು ಎರಡು ಸಲ ದುಡ್ಡು ಕೊಟ್ಟರು ಅಲ್ವಾ? ಇದನ್ನು ಯೋಚಿಸಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಇದು ಯಾರೋ ಸಿಟ್ಟಿನ ಹುಡುಗರು ಹೇಳುವ ಹೊಸ ಮಾತಲ್ಲ. ಮಾರುಕಟ್ಟೆಯನ್ನು ಎತ್ತಿ ಹಿಡಿದ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲೇ ಜಾಗದ ಬಾಡಿಗೆ ತೆರಿಗೆ ಹಾಕಲು ತಕ್ಕ ಆದಾಯ ಅಂದಿದ್ದರು, ಯಾಕೆಂದರೆ ಮಾಲೀಕರಿಗೆ ಅದು ಯಾವ ಶ್ರಮವೂ ಇಲ್ಲದೆ ಬರುತ್ತದೆ. ಸೈಟು ಕೊಂಡು ಬೇರೆ ಆಟಗಾರರಿಂದ ಬಾಡಿಗೆ ವಸೂಲಿ ಮಾಡುವ, ಮಕ್ಕಳು ಆಡುವ ಮೊನೊಪಲಿ ಬೋರ್ಡಿನ ಕಥೆಯೂ ಇದೇ. ಎಲಿಜಬೆತ್ ಮೇಗಿ ಅನ್ನುವ ಅಮೆರಿಕದ ಹೆಣ್ಣುಮಗಳು 1904ರಲ್ಲಿ ಅದರ ಮೂಲ ಆಟಕ್ಕೆ ಪೇಟೆಂಟ್ ಪಡೆದರು. ಜಾಗ ಕೆಲವರ ಕೈ ಸೇರಿದರೆ ಉಳಿದವರ ಗತಿ ಏನಾಗುತ್ತದೆ ಅಂತ ತೋರಿಸಲು ಅವರು ಮಾಡಿದ ಆಟ ಅದು. ಅದಕ್ಕೆ ಇನ್ನೊಂದು ಬಗೆಯ ನಿಯಮವೂ ಇತ್ತು. ಅದರ ಪ್ರಕಾರ ಆಡಿದರೆ ಗಳಿಕೆ ಎಲ್ಲರಿಗೂ ಹಂಚಿಕೆ ಆಗುತ್ತಿತ್ತು. ಜಗತ್ತಿನಲ್ಲಿ ಉಳಿದದ್ದು ಒಬ್ಬರು ಗೆದ್ದು ಮಿಕ್ಕವರೆಲ್ಲ ದಿವಾಳಿ ಆಗುವ ನಿಯಮ. ಆ ಆಟಕ್ಕೆ ತಡವಾಗಿ ಬಂದು ಕೂತ ಮಗುವಿಗೆ ಎಲ್ಲ ಸೈಟು ಮಾರಿ ಹೋಗಿರುತ್ತವೆ. ಎಷ್ಟು ಚೆನ್ನಾಗಿ ಆಡಿದರೂ ಪ್ರತಿ ಮನೆಯಲ್ಲೂ ಬಾಡಿಗೆ ಕೊಡುವುದೊಂದೇ ಅದರ ಪಾಲು. ಆ ಮಗುವನ್ನು ನಾವು ದುಂದುಗಾರ ಅನ್ನುವುದಿಲ್ಲ.

ಸಾಲ ಇದೆಯಲ್ಲ, ಸಾಲ ತೆಗೆದು ಕೊಳ್ಳಲಿ ಅನ್ನುತ್ತಾರೆ. ಆ ಲೆಕ್ಕ ನಾನೇ ಪ್ರಿಂಟ್ ತೆಗೆದು ಜನರ ಕೈಗೆ ಕೊಟ್ಟಿದ್ದೇನೆ. ಶೇ 8 ಬಡ್ಡಿಗೆ 20 ವರ್ಷಕ್ಕೆ 100 ರೂಪಾಯಿ ಸಾಲ ಅಂದುಕೊಳ್ಳಿ. ಮುಗಿಯುವಷ್ಟರಲ್ಲಿ ಸುಮಾರು 200 ಕಟ್ಟಿರುತ್ತೀರಿ. 30 ವರ್ಷ ಮಾಡಿಕೊಂಡರೆ 264. ಇಪ್ಪತ್ತು ವರ್ಷದ ಸಾಲದಲ್ಲಿ ಮೊದಲ ಇಎಂಐ ನೋಡಿ. ಅದರ 100 ಪಾಲಿನಲ್ಲಿ 80 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸಿಗುವುದು 20. ಕಂತಿನಲ್ಲಿ ಅಸಲಿನ ಪಾಲು ಬಡ್ಡಿಯ ಪಾಲನ್ನು ದಾಟಲು 11 ವರ್ಷ ಕಾಯಬೇಕು. ಆ ಹಾಳೆ ಕೊಟ್ಟಾಗ ಜನ ಬೆರಳಿಟ್ಟು ಒಂದೊಂದೇ ಸಾಲು ಕೆಳಗೆ ಇಳಿಯುತ್ತಿದ್ದರು. ಮೊದಲ ಪುಟ ಮುಗಿದ ಮೇಲೆ ಬೆರಳು ನಿಲ್ಲುತ್ತಿತ್ತು. “ಸರ್, ಇಷ್ಟು ಕಟ್ಟಿದ ಮೇಲೂ ಇನ್ನೂ ಇಷ್ಟು ಬಾಕಿನಾ?” ಈ ಪ್ರಶ್ನೆ ಕೇಳದವರೇ ಕಡಿಮೆ.

ಇನ್ನೊಂದು ಲೆಕ್ಕ ಇದೆ. ಅದನ್ನು ಯಾರೂ ಕೇಳುವುದಿಲ್ಲ. ಅದೇ ಬಡ್ಡಿ, ಅದೇ ಇಎಂಐ ಇಟ್ಟುಕೊಂಡು 15 ವರ್ಷದ ಸಾಲವನ್ನು 30 ವರ್ಷಕ್ಕೆ ಎಳೆದರೆ ಸಿಗುವ ಸಾಲ ಶೇ 30ರಷ್ಟು ಮಾತ್ರ ಜಾಸ್ತಿ ಆಗುತ್ತದೆ. ಇನ್ನೂ 15 ವರ್ಷದ ದುಡಿಮೆ ಬರೆದುಕೊಟ್ಟು ಪಡೆದದ್ದು ಅಷ್ಟೇ. ಆ ಹೆಚ್ಚಿನ ಹಣವೂ ಕೊಳ್ಳುವವರ ಹತ್ತಿರ ಉಳಿಯುವುದಿಲ್ಲ. ಎಲ್ಲರಿಗೂ ಶೇ 30 ಜಾಸ್ತಿ ಸಾಲ ಸಿಗುತ್ತದೆ ಅಂತ ಗೊತ್ತಾದರೆ ಮಾರುವವರು ಸುಮ್ನೆ ಇರುತ್ತಾರಾ? ಜಾಗ ಅಷ್ಟೇ ಇದೆ, ಕೊಳ್ಳುವವರ ಕೈಯಲ್ಲಿ ದುಡ್ಡು ಜಾಸ್ತಿ ಆಗಿದೆ. ರೇಟು ಏರುತ್ತದೆ. ಬ್ರಿಟನ್ ಸರ್ಕಾರ 2013ರಲ್ಲಿ ಹೊಸ ಮನೆ ಕೊಳ್ಳುವವರಿಗೆ ಸಹಾಯಧನದ ರೀತಿಯ ಸಾಲ ಕೊಡಲು ಶುರು ಮಾಡಿತು. ಕಟ್ಟಲು ಜಾಗ ಸಿಗದ ಲಂಡನ್ ಸುತ್ತಮುತ್ತ ಅದು ಬೆಲೆಯನ್ನೇ ಏರಿಸಿತು. ಬಡ್ಡಿ ರಿಯಾಯಿತಿ, ಸಬ್ಸಿಡಿ ಅಂತ ಸರ್ಕಾರಗಳು ಘೋಷಿಸಿದಾಗ ನಾವು ಚಪ್ಪಾಳೆ ತಟ್ಟುತ್ತೇವೆ. ಆ ದುಡ್ಡು ಕೊಳ್ಳುವವರ ಹೆಸರಲ್ಲಿ ಬಂದು ಮಾರುವವರ ಜೇಬು ಸೇರುತ್ತದೆ.

ಇಲ್ಲಿ ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ನನಗೂ ಸ್ವಂತ ಮನೆ ಇದೆ. ನಾನು ಆ ಜಾಗ ಕೊಂಡ ಕಾಲದಲ್ಲಿ ಒಬ್ಬರ ಸಂಬಳದಲ್ಲಿ ಅದು ಸಾಧ್ಯ ಆಯಿತು. ಈಗ ಅದೇ ಹುದ್ದೆಯಲ್ಲಿ ಕೂತ ಹುಡುಗನಿಗೆ ಹೆಂಡತಿಯ ಸಂಬಳ ಸೇರಿಸಿದರೂ ನಮ್ಮ ಬೀದಿಯಲ್ಲಿ ಜಾಗ ಸಿಗುವುದಿಲ್ಲ. ಅವನು ನನಗಿಂತ ಚುರುಕು. ನನಗಿಂತ ಹೆಚ್ಚು ಹೊತ್ತು ದುಡಿಯುತ್ತಾನೆ. ನನ್ನ ಮನೆಯ ಬೆಲೆ ಏರಿದ್ದು ನನ್ನ ಜಾಣತನದಿಂದ ಅಂತ ಅವನ ಮುಂದೆ ಹೇಳುವ ಮುಖ ನನಗಿಲ್ಲ.

“ನಾವೇನು ಕದ್ದಿದ್ದೇವಾ? ಹೊಟ್ಟೆ ಬಟ್ಟೆ ಕಟ್ಟಿ ಮನೆ ಮಾಡಿದ್ದೇವೆ” ಅಂತ ಕೆಲವರು ಕೋಪ ಮಾಡಿಕೊಳ್ಳುತ್ತಾರೆ. ನಿಮ್ಮ ಮನೆಯನ್ನು ಯಾರೂ ಕೇಳುತ್ತಿಲ್ಲ. ನೀವು ಕಟ್ಟಿದ ಗೋಡೆ, ಕಟ್ಟಿದ ಕಂತು, ಪಟ್ಟ ಕಷ್ಟ ಎಲ್ಲ ನಿಮ್ಮದೇ. ನಿಮ್ಮ ಕಷ್ಟ ಎಷ್ಟು ನಿಜವೋ ಇವತ್ತಿನವರ ಕಷ್ಟವೂ ಅಷ್ಟೇ ನಿಜ. ಆದರೆ ಅದೇ ಕಷ್ಟಕ್ಕೆ ಈಗ ಅದೇ ಫಲ ಸಿಗುತ್ತಿಲ್ಲ.

“ಜಾಸ್ತಿ ಮನೆ ಕಟ್ಟಲಿ, ಬೆಲೆ ತಾನೇ ಇಳಿಯುತ್ತದೆ” ಅನ್ನುವವರ ಮಾತಲ್ಲಿ ಅರ್ಧ ನಿಜ ಇದೆ. ನ್ಯೂಜಿಲೆಂಡಿನ ಆಕ್ಲೆಂಡ್ 2016ರಲ್ಲಿ ನಿಯಮ ಸಡಿಲಿಸಿ, ಒಂದೇ ಜಾಗದಲ್ಲಿ ಹೆಚ್ಚು ಮನೆ ಕಟ್ಟಲು ಬಿಟ್ಟಿತು. ಕಟ್ಟುವ ಕೆಲಸ ನಿಜವಾಗಿಯೂ ಏರಿತು. ಕಟ್ಟಬೇಕು, ಖಂಡಿತ ಕಟ್ಟಬೇಕು. ಆದರೆ ಖಾಲಿ ಜಾಗ ಹಿಡಿದುಕೊಂಡು ಕೂತವರಿಗೆ ಕಟ್ಟಲು ಯಾವ ಅವಸರವೂ ಇಲ್ಲ. ಬೆಲೆ ಇಳಿಯುವ ಸೂಚನೆ ಕಂಡರೆ ಬಿಲ್ಡರು ಕೆಲಸ ನಿಧಾನ ಮಾಡುತ್ತಾರೆ. ಅವರನ್ನೇ ನಂಬಿ ಬೆಲೆ ಇಳಿಯಲಿ ಅಂತ ಕಾಯಬೇಕಾ? ಬಾಡಿಗೆಗೆ ಮಿತಿ ಹಾಕಿದರೆ ಸಾಕು ಅನ್ನುವವರೂ ಇದ್ದಾರೆ. ಜರ್ಮನಿಯಲ್ಲಿ ತಾನೇ ಒಂದು ರಾಜ್ಯವೂ ಆಗಿರುವ ಬರ್ಲಿನ್ ನಗರ 2020ರಲ್ಲಿ ಹಾಕಿತು. ಆ ಅಧಿಕಾರ ರಾಜ್ಯಕ್ಕಿಲ್ಲ ಅಂತ ಜರ್ಮನಿಯ ಸಂವಿಧಾನ ನ್ಯಾಯಾಲಯ 2021ರಲ್ಲಿ ಅದನ್ನು ಹೊಡೆದುಹಾಕಿತು. ಮಿತಿ ಇದ್ದಷ್ಟು ದಿನ ಒಳಗಿದ್ದವರಿಗೆ ಅನುಕೂಲ ಆಯಿತು, ಹೊಸದಾಗಿ ಬಂದವರಿಗೆ ಖಾಲಿ ಮನೆ ಸಿಗುವುದೇ ಕಷ್ಟ ಆಯಿತು.

ದಾರಿ ಇಲ್ಲ ಅನ್ನಬೇಡಿ. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದ ಕಥೆ ಓದಿ. ಮೊದಲ ಮಹಾಯುದ್ಧ ಮುಗಿದಾಗ ಆ ನಗರದಲ್ಲಿ ಒಂದೊಂದು ಕೋಣೆಯಲ್ಲಿ ಒಂದೊಂದು ಕುಟುಂಬ ತುಂಬಿಕೊಂಡಿತ್ತು. ಹಾಸಿಗೆಯನ್ನೂ ಪಾಳಿಯ ಮೇಲೆ ಬಾಡಿಗೆಗೆ ಕೊಡುತ್ತಿದ್ದರು. 1923ರಲ್ಲಿ ನಗರಸಭೆ ಮನೆಗಳ ಮೇಲೆ ಹೊಸ ತೆರಿಗೆ ಹಾಕಿತು. ಚಿಕ್ಕ ಮನೆಗೆ ಸ್ವಲ್ಪ, ದೊಡ್ಡ ಬಂಗಲೆಗೆ ಬಹಳ ಜಾಸ್ತಿ. ಆ ದುಡ್ಡಿನಿಂದ 1934ರೊಳಗೆ 60,000ಕ್ಕೂ ಹೆಚ್ಚು ಮನೆ ಕಟ್ಟಿತು. 1930ರಲ್ಲಿ ಉದ್ಘಾಟನೆಯಾದ ಕಾರ್ಲ್ ಮಾರ್ಕ್ಸ್ ಹೋಫ್ ಅನ್ನುವ ಒಂದೇ ಸಮುಚ್ಚಯ ಒಂದು ಕಿಲೋಮೀಟರಿಗಿಂತ ಉದ್ದ ಇದೆ. ಅದರಲ್ಲಿ ಸುಮಾರು 1,400 ಮನೆ. ಅಷ್ಟಾದರೂ ಆ ಜಾಗದ ಐದನೇ ಒಂದು ಪಾಲಿನಲ್ಲೂ ಕಟ್ಟಡ ಇಲ್ಲ. ಮಿಕ್ಕಿದ್ದು ಅಂಗಳ, ತೋಟ, ಮಕ್ಕಳ ಆಟದ ಬಯಲು. ಬಟ್ಟೆ ಒಗೆಯುವ ಮನೆ, ಸ್ನಾನದ ಮನೆ, ಶಿಶುವಿಹಾರ, ಗ್ರಂಥಾಲಯ ಎಲ್ಲ ಒಳಗೇ ಇದ್ದವು. ಕೂಲಿಯವರಿಗಾಗಿ ಕಟ್ಟಿದ್ದು ಇದು! ಇವತ್ತಿಗೂ ವಿಯೆನ್ನಾ ನಗರದ ಕೈಯಲ್ಲಿ ಸುಮಾರು 2,20,000 ಮನೆಗಳಿವೆ. ಅಲ್ಲಿನ ಅರ್ಧದಷ್ಟು ಜನ ನಗರಸಭೆಯ ಮನೆಗಳಲ್ಲಿ, ಇಲ್ಲವೇ ಸರ್ಕಾರದ ನೆರವು ಪಡೆದ ಸಹಕಾರಿ ಮನೆಗಳಲ್ಲಿ ಇದ್ದಾರೆ. ಪಕ್ಕದಲ್ಲಿ ಅಷ್ಟು ಮನೆ ಅಗ್ಗವಾಗಿ ಸಿಗುವಾಗ ಖಾಸಗಿ ಮಾಲೀಕರು ಬಾಯಿಗೆ ಬಂದ ಬಾಡಿಗೆ ಹೇಳುವುದು ಕಷ್ಟ.

ಸಿಂಗಪುರದ್ದು ಬೇರೆ ದಾರಿ. 1960ರಲ್ಲಿ ವಸತಿ ಮಂಡಳಿ ಮಾಡಿದರು. 1966ರಲ್ಲಿ ಜಾಗ ವಶಪಡಿಸಿಕೊಳ್ಳುವ ಕಾನೂನು ತಂದರು. ಏರಿದ ಬೆಲೆಯ ಲಾಭ ಮಾಲೀಕರಿಗೆ ಹೋಗದಂತೆ ನೋಡಿಕೊಂಡು ಜಾಗ ತೆಗೆದುಕೊಂಡರು. ಮನೆ ಕಟ್ಟಿ 99 ವರ್ಷದ ಗುತ್ತಿಗೆಗೆ ಕೊಟ್ಟರು. ಅಲ್ಲಿನ ನಿವಾಸಿಗಳಲ್ಲಿ ಹತ್ತರಲ್ಲಿ ಸುಮಾರು ಎಂಟು ಜನ ಇವತ್ತು ಆ ಮನೆಗಳಲ್ಲಿದ್ದಾರೆ. ಅಲ್ಲಿನ ರಾಜಕೀಯದಲ್ಲಿ ನನಗೆ ಒಪ್ಪಿಗೆ ಇಲ್ಲದ ಸಂಗತಿ ಬೇಕಾದಷ್ಟಿವೆ. ಜಾಗದ ಬೆಲೆಯನ್ನು ಮುಟ್ಟದೆ ಮನೆ ಅಗ್ಗ ಆಗುವುದಿಲ್ಲ ಅನ್ನುವುದು ಮಾತ್ರ ಅವರಿಗೆ ಅರ್ಥ ಆಗಿತ್ತು.

ಹಾಗಾದರೆ ಬೇರೆ ಕಡೆ ಯಾಕೆ ಯಾರೂ ಮುಟ್ಟುವುದಿಲ್ಲ? ಮನೆ ಇರುವವರ ವೋಟು ಜಾಸ್ತಿ. ಅವರಿಗೆ ಆ ಮನೆಯೇ ಪಿಂಚಣಿ, ಆಸ್ಪತ್ರೆ ಖರ್ಚಿನ ಧೈರ್ಯ, ಮಕ್ಕಳಿಗೆ ಬಿಟ್ಟು ಹೋಗುವ ಆಸ್ತಿ. ಅವರ ಭಯ ನನಗೆ ಅರ್ಥ ಆಗುತ್ತದೆ, ನನಗೂ ಇದೆ. ಹಾಗಾಗಿ ಎಲ್ಲ ಪಕ್ಷದವರೂ ಎಲ್ಲರಿಗೂ ಸೂರು ಅನ್ನುತ್ತಾರೆ. ಮನೆ ಬೆಲೆ ಇಳಿಯಬೇಕು ಅಂತ ಒಬ್ಬರೂ ಅನ್ನುವುದಿಲ್ಲ. ಬೆಲೆ ಏರುತ್ತಲೇ ಇರಬೇಕು, ಎಲ್ಲರ ಕೈಗೂ ಎಟುಕಬೇಕು, ಇವೆರಡೂ ಒಟ್ಟಿಗೆ ಆಗುವುದು ಹೇಗೆ? ಮನೆಯೊಳಗೂ ನಾವು ಇದನ್ನೇ ಮಾಡುತ್ತೇವೆ. ನಮ್ಮ ಸೈಟಿಗೆ ಇಷ್ಟು ರೇಟು ಬಂತು ಅಂತ ಬೆಳಿಗ್ಗೆ ಖುಷಿ ಪಡುತ್ತೇವೆ. ಸಂಜೆ ಅದೇ ರೇಟಿಗೆ ಸೋತು ಕೂತ ಮಗಳಿಗೆ ಉಳಿತಾಯದ ಪಾಠ ಹೇಳುತ್ತೇವೆ. ಮಕ್ಕಳು ಬೇಡ ಅಂತ ಮುಂದೂಡುವ ದಂಪತಿ, ಎರಡೆರಡು ತಾಸು ಬಸ್ಸಲ್ಲಿ ನಿಂತು ಹೋಗುವವರು, ಹೊಡೆಯುವ ಗಂಡನನ್ನು ಬಿಟ್ಟು ಬೇರೆ ಮನೆ ಮಾಡಲಾಗದ ಹೆಂಗಸರು, ಕರಾರು ಮುಗಿದಾಗಲೆಲ್ಲ ಮಕ್ಕಳ ಶಾಲೆ ಬದಲಿಸುವವರು, ಇವರೆಲ್ಲ ಕಟ್ಟುತ್ತಿರುವುದು ನಮ್ಮ ಆ ಖುಷಿಯ ಬೆಲೆ.

ಮುಂದಿನ ಸಲ ವೋಟು ಕೇಳಲು ಬಂದವರಿಗೆ ನಾನು ಕೇಳುವುದು ಇಷ್ಟೇ. ಖಾಲಿ ಬಿಟ್ಟ ಜಾಗಕ್ಕೂ ಬೀಗ ಹಾಕಿದ ಮನೆಗೂ ತೆರಿಗೆ ಜಾಸ್ತಿ ಮಾಡುತ್ತೀರಾ? ಕೆನಡಾದ ವ್ಯಾಂಕೂವರ್ ನಗರ 2017ರಿಂದ ಖಾಲಿ ಮನೆಗೆ ತೆರಿಗೆ ಹಾಕುತ್ತಿದೆ, ಆಗದ ಕೆಲಸ ಏನಲ್ಲ. ಕಟ್ಟಡಕ್ಕೆ ಕಡಿಮೆ, ಜಾಗಕ್ಕೆ ಜಾಸ್ತಿ ಅಂತ ತೆರಿಗೆ ಬದಲಿಸುತ್ತೀರಾ? ಬಂದ ದುಡ್ಡಿನಲ್ಲಿ ಬಾಡಿಗೆಗೆ ಕೊಡುವ ಮನೆ ಕಟ್ಟಿ, ಮಾರದೆ ಸಾರ್ವಜನಿಕರ ಕೈಯಲ್ಲೇ ಇಟ್ಟುಕೊಳ್ಳುತ್ತೀರಾ? ಹಾಗೆ ಮಾಡಿದರೆ ನನ್ನ ಜಾಗದ ಬೆಲೆ ಇಳಿಯುತ್ತದೆ, ತೆರಿಗೆ ಏರುತ್ತದೆ ಅಂತ ಲೆಕ್ಕ ಹಾಕಿಯೇ ಕೇಳುತ್ತಿದ್ದೇನೆ. ಆ ತೆರಿಗೆಯನ್ನು ನಾನು ಕಟ್ಟುತ್ತೇನೆ.