ಬಡವರೂ ಆಗಿರಿ, ಸಾಲಕ್ಕೆ ಯೋಗ್ಯರೂ ಆಗಿರಿ

ಸ್ವಂತ ಮನೆಯಿಲ್ಲದ ಬಡವರನ್ನು ನಮ್ಮ ಸರ್ಕಾರಗಳು ಎಷ್ಟು ಶ್ರದ್ಧೆಯಿಂದ ಹುಡುಕುತ್ತವೆಂದರೆ, ಕೈಗೆ ಸಿಕ್ಕ ಬಡವನನ್ನು ಅಲ್ಲಿಯೇ ಬಿಟ್ಟು ಮತ್ತೊಬ್ಬನನ್ನು ಹುಡುಕಲು ಹೊರಡುತ್ತವೆ. 1970ರ ದಶಕದಲ್ಲಿ, ದೇವರಾಜ ಅರಸರ ಕಾಲದಲ್ಲಿ ಅವನಿಗಾಗಿ ಜನತಾ ಮನೆ ಬಂತು. ಆಮೇಲೆ ಇಂದಿರಾ ಆವಾಸ್ ಬಂತು, ಆಶ್ರಯ ಬಂತು, ಅಂಬೇಡ್ಕರ್ ನಿವಾಸ, ಬಸವ ವಸತಿ, ಪ್ರಧಾನಮಂತ್ರಿ ಆವಾಸ್ ಎಲ್ಲವೂ ಬಂದವು. ಗೋಡೆಗೆ ಸುಣ್ಣ ಬೀಳುವ ಮೊದಲೇ ಯೋಜನೆಗೆ ಹೊಸ ಹೆಸರು ಬಿದ್ದಿರುತ್ತದೆ. 2015ರ ಜೂನ್‌ನಲ್ಲಿ ‘2022ರೊಳಗೆ ಎಲ್ಲರಿಗೂ ಸೂರು’ ಎಂದರು. 2022 ಬಂತು, ಹೋಯಿತು. ಗಡುವನ್ನು ಮುಂದಕ್ಕೆ ದೂಡಿದರು. 2024ರಲ್ಲಿ ಯೋಜನೆಯ ಎರಡನೇ ಆವೃತ್ತಿಯೇ ಹೊರಬಂತು. ಆ ‘ಎಲ್ಲರಲ್ಲಿ’ ಒಬ್ಬರಾದ, ನಮ್ಮ ಹಿಂದಿನ ಬೀದಿಯ ಗಾರೆ ಮೇಸ್ತ್ರಿ ಮಾತ್ರ ಇನ್ನೂ ಮೊದಲನೇ ಆವೃತ್ತಿಯ ಬಾಡಿಗೆ ಮನೆಯಲ್ಲಿಯೇ ಇದ್ದಾರೆ.

ತಪ್ಪು ಮೇಸ್ತ್ರಿಯದೇ. ಲಿಂಗಸುಗೂರಿನ ಕಡೆಯಿಂದ ಬೆಂಗಳೂರಿಗೆ ಬಂದು ಇಷ್ಟು ವರ್ಷವಾದರೂ ಮನೆ ಪಡೆಯುವ ಮೂಲ ವಿದ್ಯೆಯನ್ನೇ ಅವರು ಕಲಿಯಲಿಲ್ಲ. ಒಂದೇ ದೇಹದಲ್ಲಿ ಇಬ್ಬರಾಗಿ ಬಾಳುವ ವಿದ್ಯೆ ಅದು. ಯೋಜನೆಗೆ ಅರ್ಜಿ ಹಾಕುವಾತ ಕಡುಬಡವನಾಗಿರಬೇಕು. ಅದೇ ಮನೆಯ ವಂತಿಗೆ ಕಟ್ಟಲು ಬ್ಯಾಂಕಿನ ಮೆಟ್ಟಿಲು ಹತ್ತುವಾತ ಸ್ಥಿತಿವಂತನಾಗಿರಬೇಕು. ಬೆಳಿಗ್ಗೆ ಹನ್ನೊಂದಕ್ಕೆ ನಾಡಕಚೇರಿಯ ಕಿಂಡಿಯೆದುರು ಹರಕು ಅಂಗಿ, ಮಧ್ಯಾಹ್ನ ಎರಡಕ್ಕೆ ಬ್ಯಾಂಕಿನಲ್ಲಿ ಇಸ್ತ್ರಿ ಮಾಡಿದ ಅಂಗಿ. ನಡುವೆ ಬಟ್ಟೆ ಬದಲಿಸಿಕೊಳ್ಳಲು ಬಿಎಂಟಿಸಿ ಬಸ್ಸಿನಲ್ಲಿ ಪರದೆಯ ವ್ಯವಸ್ಥೆ ಇನ್ನೂ ಆಗಿಲ್ಲ. ಯಾರಾದರೂ ಗಮನ ಹರಿಸಬೇಕು.

ಮೊದಲು ಆದಾಯದ ವಿಷಯಕ್ಕೆ ಬರೋಣ. ಮೇಸ್ತ್ರಿಗೆ ಕೆಲಸವಿದ್ದ ದಿನ ಸಾವಿರ ರೂಪಾಯಿ ಕೂಲಿ, ಶನಿವಾರ ಬಟವಾಡೆ. ಮಳೆ, ಹಬ್ಬ, ಮರಳಿನ ಅಭಾವ, ಗುತ್ತಿಗೆದಾರನ ತಲೆಮರೆ ಎಲ್ಲ ಕಳೆದರೂ ವರ್ಷಕ್ಕೆ ಎರಡು ಲಕ್ಷಕ್ಕೆ ಕಡಿಮೆಯಿಲ್ಲ. ಪ್ರಧಾನಮಂತ್ರಿ ಆವಾಸ್‌ನಲ್ಲಿ ಆರ್ಥಿಕವಾಗಿ ದುರ್ಬಲರೆನ್ನಿಸಿಕೊಳ್ಳಲು 3 ಲಕ್ಷದವರೆಗೆ ಆದಾಯವಿರಬಹುದು. ಅಂದರೆ ನಿಜ ಹೇಳಿದರೂ ನಡೆಯುತ್ತಿತ್ತು. ಆದರೆ ನಿಜ ಹೇಳಿ ರೂಢಿ ಯಾರಿಗಿದೆ? ಬಿಪಿಎಲ್ ಚೀಟಿಗೆ 1.20 ಲಕ್ಷದ ಮಿತಿಯಿದೆಯಲ್ಲ! ‘ಕಡಿಮೆಯೇ ಇರಲಿ ಬಿಡಿ, ಮುಂದೆ ಅಕ್ಕಿಗೆ ತೊಂದರೆಯಾಗಬಾರದು’ ಎಂದು ಕಂದಾಯ ಇಲಾಖೆಯ ಪುಣ್ಯಾತ್ಮರು ನಾಡಿನ ಸಂಪ್ರದಾಯದಂತೆ 11,000 ಎಂದು ಬರೆದರು. ವರ್ಷಕ್ಕೆ. ಭಾಗಿಸಿ ನೋಡಿದರೆ ದಿನಕ್ಕೆ 30 ರೂಪಾಯಿ, ಮೇಲೆ ಕೆಲವು ಪೈಸೆ. ಈ ಕರ್ನಾಟಕದಲ್ಲಿ ದಿನಕ್ಕೆ 30 ರೂಪಾಯಿಯಲ್ಲಿ ಸಂಸಾರ ನಡೆಸುತ್ತ, ಅದರಲ್ಲೇ ಮೊಬೈಲಿಗೆ ರೀಚಾರ್ಜ್ ಮಾಡಿಸಿ, ಮಕ್ಕಳನ್ನು ಓದಿಸುತ್ತಿರುವ ಅರ್ಥಶಾಸ್ತ್ರಜ್ಞರು ಎಷ್ಟು ಜನರಿದ್ದಾರೆಂಬುದು ತಹಶೀಲ್ದಾರರ ಸಹಿಗೆ ಮಾತ್ರ ಗೊತ್ತು.

ಆ ಪ್ರಮಾಣಪತ್ರವನ್ನು ಹಿಡಿದು ಮೇಸ್ತ್ರಿ ಬ್ಯಾಂಕಿಗೆ ಹೋದರು. ಯಾವ ಬ್ಯಾಂಕು ಎಂಬುದು ಬೇಡ, ಎಲ್ಲ ಬ್ಯಾಂಕಿನ ಕುರ್ಚಿಗಳೂ ಒಂದೇ ಕಡೆಗೆ ತಿರುಗುತ್ತವೆ. ವ್ಯವಸ್ಥಾಪಕರು ಸಜ್ಜನರು. ಆರು ಲಕ್ಷ ಸಾಲ, ಇಪ್ಪತ್ತು ವರ್ಷ, ತಿಂಗಳ ಕಂತು ಸುಮಾರು 5,400 ಎಂದು ಲೆಕ್ಕ ಹಾಕಿದರು. ಕನ್ನಡಕ ಮೇಲೇರಿಸಿ ಕೇಳಿದರು:

‘ನಿಮ್ಮ ಆದಾಯ ವರ್ಷಕ್ಕೆ ಹನ್ನೊಂದು ಸಾವಿರ. ಕಂತೇ ವರ್ಷಕ್ಕೆ ಅರವತ್ತೈದು ಸಾವಿರ ಆಗುತ್ತದೆ. ಹೇಗೆ ಕಟ್ಟುತ್ತೀರಿ?’

‘ಈಗ ತಿಂಗಳಿಗೆ ಏಳೂವರೆ ಸಾವಿರ ಬಾಡಿಗೆ ಕಟ್ಟುತ್ತಿದ್ದೇನೆ ಸಾರ್. ಒಂದು ತಿಂಗಳೂ ತಪ್ಪಿಸಿಲ್ಲ.’

‘ಬಾಡಿಗೆ ಲೆಕ್ಕಕ್ಕೆ ಬರುವುದಿಲ್ಲ. ಸಂಬಳದ ಚೀಟಿ ಇದೆಯೇ? ತೆರಿಗೆ ವಿವರ? ಹಿಂದೆ ಯಾವುದಾದರೂ ಸಾಲ ತೆಗೆದುಕೊಂಡಿದ್ದೀರಾ?’

‘ಇಲ್ಲ ಸಾರ್. ದೇವರ ದಯೆ, ಸಾಲ ಮಾಡದೆ ಬದುಕಿದ್ದೇನೆ.’

ಅಲ್ಲಿಗೆ ಕಥೆ ಮುಗಿಯಿತು. ಸಾಲ ತೀರಿಸುವ ನಡತೆಗೆ ಅಂಕ ಕೊಡುವ ಸಿಬಿಲ್‌ನವರ ಪುಸ್ತಕದಲ್ಲಿ ಎಂದೂ ಸಾಲ ಮಾಡದವನ ಅಂಕ ಸೊನ್ನೆಗಿಂತಲೂ ಕೆಳಗೆ, ಮೈನಸ್ ಒಂದು. ಸಾಲ ಮಾಡಿ ತೀರಿಸಿದವನು ಒಳ್ಳೆಯವನು, ಸಾಲ ಮಾಡಿ ಒದ್ದಾಡುತ್ತಿರುವವನು ಪರಿಚಿತನು, ಸಾಲವನ್ನೇ ಮಾಡದವನು ಮಾತ್ರ ಯಾರೋ ಏನೋ. ಕೋಟಿಗಟ್ಟಲೆ ಎತ್ತಿಕೊಂಡು ವಿಮಾನ ಹತ್ತಿದವರಿಗೂ ಒಂದು ಕಾಲದಲ್ಲಿ ಅಂಕ ಚೆನ್ನಾಗಿಯೇ ಇತ್ತು ಎಂಬ ವಿಚಾರವನ್ನು ನಾನು ಇಲ್ಲಿ ಎತ್ತುವುದಿಲ್ಲ.

ಹಣದ ಮಾತು ಹೀಗಾದರೆ, ಜಾತಿಯದು ಇನ್ನೂ ಸೊಗಸು.

ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಕೇಳಲು ಹೋದವರಿಗೆ ಗೇಟಿನಲ್ಲೇ ಒಂದು ಮೌಖಿಕ ಪರೀಕ್ಷೆ ಇರುತ್ತದೆ. ಮಾಲೀಕರು ಒಳಗಿನಿಂದಲೇ, ಗ್ರಿಲ್ಲಿನ ಚಿಲಕ ತೆಗೆಯದೆ, ‘ಯಾವ ಕಡೆಯವರು?’ ಎನ್ನುತ್ತಾರೆ. ‘ರಾಯಚೂರು ಕಡೆ.’ ‘ಅದಲ್ಲ, ಯಾವ ಜನ?’ ‘ಗಾರೆ ಕೆಲಸದವರು.’ ‘ಅದೂ ಅಲ್ಲ...’ ಇಲ್ಲಿ ಮಾಲೀಕರು ತುಸು ನಾಚಿಕೊಳ್ಳುತ್ತಾರೆ, ಏಕೆಂದರೆ ಅವರು ವಿದ್ಯಾವಂತರು. ‘ನಮಗೇನೂ ಇಲ್ಲಪ್ಪ, ಮನೆಯಲ್ಲಿ ಹಿರಿಯರಿದ್ದಾರೆ. ಮಾಂಸ ಮಾಡುವಿರಾ?’ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿದೆ, ಆದರೆ ಕೋಳಿ ಸಾರಿನ ಬಗ್ಗೆ ಅದು ಏನನ್ನೂ ಹೇಳಿಲ್ಲ. ಹಾಗಾಗಿ ಈ ನಗರದಲ್ಲಿ ಜಾತಿಯನ್ನು ಯಾರೂ ಕೇಳುವುದಿಲ್ಲ, ಎಲ್ಲರೂ ಅಡುಗೆಯನ್ನು ಕೇಳುತ್ತಾರೆ. ಮುಸ್ಲಿಮರಿಗೆ ಈ ಪರೀಕ್ಷೆಯಿಂದಲೇ ವಿನಾಯಿತಿಯಿದೆ. ಫೋನಿನಲ್ಲಿ ಹೆಸರು ಹೇಳಿದ ಕೂಡಲೇ ‘ಅಯ್ಯೋ, ಈಗಷ್ಟೇ ಮನೆ ಹೋಯಿತು’ ಎಂದು ದಲ್ಲಾಳಿ ಅವರ ಆಟೋ ಖರ್ಚನ್ನು ಉಳಿಸುತ್ತಾನೆ. ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ‘ಸಂಸಾರಸ್ಥರಿಗೆ ಮಾತ್ರ’ ಎಂಬ ಫಲಕವನ್ನು ಮೊದಲೇ ತೂಗುಹಾಕಿರುತ್ತಾರೆ.

ಮೇಸ್ತ್ರಿ ಈ ಪರೀಕ್ಷೆಯಲ್ಲಿ ಪಾಸಾಗಿದ್ದರು. ‘ಬಿಟ್ಟು ಬಹಳ ದಿನವಾಯಿತು’ ಎಂದಿದ್ದರು. ಭಾನುವಾರ ಕುಕ್ಕರ್ ಇಟ್ಟರೆ ಕಿಟಕಿ ಮುಚ್ಚಿ ಊದುಬತ್ತಿ ಹಚ್ಚುತ್ತಿದ್ದರು. ಊರಿನಿಂದ ಬಂದ ನೆಂಟರಿಗೆ ಕೇರಿಯ ಸುದ್ದಿಯನ್ನು ಮೆಲ್ಲಗೆ ಮಾತನಾಡಲು ಹೇಳಿದ್ದರು. ಇಷ್ಟು ಶಿಸ್ತಿನಿಂದ ಕಾಪಾಡಿಕೊಂಡಿದ್ದ ಗುಟ್ಟನ್ನು ಅವರೀಗ ನಾಡಕಚೇರಿಯಲ್ಲಿ ಸಾಕ್ಷ್ಯಾಧಾರ ಸಮೇತ ಸಾಬೀತುಪಡಿಸಬೇಕಾಯಿತು. ಪರಿಶಿಷ್ಟ ಜಾತಿಯ ಪ್ರಮಾಣಪತ್ರ, ಅದಕ್ಕೊಂದು ಆರ್‌ಡಿ ಸಂಖ್ಯೆ, ತಂದೆಯ ಶಾಲೆಯ ದಾಖಲೆ. ತಂದೆ ಶಾಲೆಗೆ ಹೋಗಿರಲಿಲ್ಲ. ಅವರ ಕಾಲದಲ್ಲಿ ಆ ಊರಿನಲ್ಲಿ ಅವರ ಜಾತಿ ಯಾರಿಗೂ ಅನುಮಾನವಿಲ್ಲದಷ್ಟು ಸ್ಪಷ್ಟವಾಗಿತ್ತು. ಬಾವಿಯ ಹತ್ತಿರ ಹೋದರೆ ಊರೇ ಒಕ್ಕೊರಲಿನಿಂದ ದೃಢೀಕರಿಸುತ್ತಿತ್ತು. ಆದರೆ ಆ ದೃಢೀಕರಣಕ್ಕೆ ಯಾರೂ ಸಂಖ್ಯೆ ಕೊಟ್ಟಿರಲಿಲ್ಲ.

ಕೊನೆಗೆ ವಸತಿ ಅರ್ಜಿಯ ಪರಿಶೀಲನೆಗೆಂದು ಒಬ್ಬ ಸಿಬ್ಬಂದಿ ಬಾಡಿಗೆ ಮನೆಗೇ ಬಂದರು. ಬೈಕಿನಿಂದ ಇಳಿಯದೆ, ಕಡತ ಎತ್ತಿ ಹಿಡಿದು, ಮಹಡಿಯವರೆಗೂ ಕೇಳಿಸುವಂತೆ ಮೇಸ್ತ್ರಿಯ ಹೆಸರನ್ನೂ ಜಾತಿಯನ್ನೂ ಓದಿ ‘ಇವರ ಮನೆ ಯಾವುದು?’ ಎಂದು ಕೇಳಿದರು. ಮಾಲೀಕರ ಹಿರಿಯರು ಬಾಲ್ಕನಿಯಲ್ಲೇ ಕುಳಿತಿದ್ದರು. ಆ ತಿಂಗಳ ಕೊನೆಗೆ ಮಾಲೀಕರ ಮಗನಿಗೆ ಇದ್ದಕ್ಕಿದ್ದಂತೆ ಮದುವೆ ನಿಶ್ಚಯವಾಗಿ, ಮನೆ ತುರ್ತಾಗಿ ಬೇಕಾಯಿತು. ಮಗನಿಗೆ ಆಗ ಹದಿನಾರು ವರ್ಷ.

ಮನೆ ಬದಲಾದ ಕೂಡಲೇ ವಿಳಾಸ ಬದಲಾಯಿತು, ವಿಳಾಸ ಬದಲಾದ ಕೂಡಲೇ ಅರ್ಜಿ ಹಳೆಯದಾಯಿತು. ಬಾಡಿಗೆ ಕರಾರು ಎಂದರೆ ಹನ್ನೊಂದು ತಿಂಗಳದ್ದು. ವರ್ಷ ದಾಟಿದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಬೇಕು, ಆ ಉಸಾಬರಿ ಯಾರಿಗೆ ಬೇಕು? ಹೊಸ ವಿಳಾಸವನ್ನು ಆಧಾರ್‌ಗೆ ಸೇರಿಸುತ್ತೇನೆಂದರೆ ಹೊಸ ಮಾಲೀಕರು ‘ನಾಳೆ ಮನೆಯೇ ನನ್ನದು ಎಂದರೆ?’ ಎಂದು ಬೆಚ್ಚುತ್ತಾರೆ. ಇದರ ಮೇಲೆ, ಭಾರತದಲ್ಲಿ ಎಲ್ಲಿಯೂ ತನಗೆ ಪಕ್ಕಾ ಮನೆಯಿಲ್ಲವೆಂದು ಛಾಪಾಕಾಗದದಲ್ಲಿ ಬರೆದುಕೊಡಬೇಕು. ಇರುವುದಕ್ಕೆ ದಾಖಲೆ ಕೇಳುವುದು ಲೋಕರೂಢಿ, ಇಲ್ಲದ್ದಕ್ಕೂ ದಾಖಲೆ ಕೇಳುವ ಎತ್ತರಕ್ಕೆ ಏರಿದವರು ನಾವು. ಮೇಸ್ತ್ರಿಯ ಬಳಿ ಇಲ್ಲದಿರುವುದು ಧಾರಾಳವಾಗಿತ್ತು, ದಾಖಲೆ ಮಾತ್ರ ಇರಲಿಲ್ಲ.

ಈ ಪ್ರಹಸನಕ್ಕೆ ಸರ್ಕಾರವೇ ಬರೆದ ಒಂದು ಅಂಕವೂ ಉಂಟು. ಪ್ರಧಾನಮಂತ್ರಿ ಆವಾಸ್‌ನಡಿ ಕೊಳಗೇರಿ ಮಂಡಳಿ ಕಟ್ಟುವ ಮನೆಗಳಿಗೆ ಕೇಂದ್ರದ್ದು ಒಂದೂವರೆ ಲಕ್ಷ, ರಾಜ್ಯದ್ದು ಒಂದಿಷ್ಟು, ಉಳಿದ ನಾಲ್ಕೈದು ಲಕ್ಷ ಫಲಾನುಭವಿಯ ವಂತಿಗೆ. ಅತ್ಯಂತ ಬಡವರು ಯಾರೆಂದು ಜಾಲಾಡಿ ಆರಿಸಿ, ‘ತೆಗೆಯಿರಿ ನಾಲ್ಕೈದು ಲಕ್ಷ’ ಎಂದರು. ಅವರ ಬಳಿ ಇರಲಿಲ್ಲ. ಬ್ಯಾಂಕುಗಳು ಕೊಡಲಿಲ್ಲ. ಮನೆಗಳು ಅರ್ಧಕ್ಕೆ ನಿಂತವು. ಬಡವರ ಬಳಿ ಹಣವಿರುವುದಿಲ್ಲ ಎಂಬ ಈ ಆಘಾತಕಾರಿ ಸಂಗತಿ 2015ರಲ್ಲಿ ಆರಂಭವಾದ ಯೋಜನೆಯಲ್ಲಿ 2023ರ ಡಿಸೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟದ ಗಮನಕ್ಕೆ ಬಂತು. ಫಲಾನುಭವಿ ಒಂದು ಲಕ್ಷ ಕಟ್ಟಿದರೆ ಸಾಕು, ಮಿಕ್ಕಿದ್ದನ್ನು ಸರ್ಕಾರವೇ ಭರಿಸುತ್ತದೆ ಎಂದು ತೀರ್ಮಾನವಾಯಿತು. ಒಳ್ಳೆಯ ತೀರ್ಮಾನ, ನಾನು ಗೇಲಿ ಮಾಡುವುದಿಲ್ಲ. ಎಂಟು ವರ್ಷ ಏಕೆ ಬೇಕಾಯಿತು ಎಂದಷ್ಟೇ ಕೇಳುತ್ತೇನೆ. ಅಷ್ಟರಲ್ಲಿ ಆದಾಯ ಪ್ರಮಾಣಪತ್ರದ ಐದು ವರ್ಷದ ಆಯಸ್ಸು ತೀರಿ, ಮೊದಲಿನ ಬಡತನದ ವಾಯಿದೆ ಮುಗಿದು, ಹೊಸದಾಗಿ ಬಡವರಾಗಬೇಕಾದ ಪ್ರಸಂಗವೂ ಬಂದಿತ್ತು. ಕೇಂದ್ರ ಕೊಡುವ ಒಂದೂವರೆ ಲಕ್ಷದಲ್ಲಿ ಬಹುಪಾಲು ಜಿಎಸ್‌ಟಿಯಾಗಿ ಹಿಂದಕ್ಕೇ ಹೋಗುತ್ತದೆ ಎಂದು ಮುಖ್ಯಮಂತ್ರಿಗಳು ವೇದಿಕೆಯಲ್ಲಿ ದೂರಿದರು. ಎರಡು ಸರ್ಕಾರಗಳ ಈ ಲೆಕ್ಕದ ಜಗಳದಲ್ಲಿ ಮೂರನೆಯವರಾದ ಮೇಸ್ತ್ರಿ ತಲೆಹಾಕಲಿಲ್ಲ. ವರ್ಷಕ್ಕೆ 11,000 ಆದಾಯದವರು ತೆರಿಗೆಯ ವಿಷಯ ಮಾತನಾಡಬಾರದು.

ಬೀಗದ ಕೈ ವಿತರಣೆಯ ಸಮಾರಂಭವೊಂದಕ್ಕೆ ಅವರನ್ನು ಕರೆದೊಯ್ದಿದ್ದರು, ಫಲಾನುಭವಿಯಾಗಿ ಅಲ್ಲ, ಕುರ್ಚಿ ತುಂಬಿಸಲು. ಊಟ, ನೀರಿನ ಬಾಟಲಿ, ಬಸ್ಸು ಉಚಿತ. ಆಳೆತ್ತರದ ಥರ್ಮಾಕೋಲ್ ಬೀಗದ ಕೈಯನ್ನು ಏಳು ಜನ ಗಣ್ಯರು ಸೇರಿ ಒಬ್ಬ ತಾಯಿಯ ಕೈಗಿತ್ತರು. ಫೋಟೊ ಆದ ಮೇಲೆ ಅದನ್ನು ಮರಳಿ ಪಡೆದು ಮುಂದಿನವರಿಗೆ ಕೊಟ್ಟರು. ಮನೆ ಪತ್ನಿಯ ಹೆಸರಿನಲ್ಲಿರಬೇಕೆಂಬ ನಿಯಮವನ್ನು ಮಹಿಳಾ ಸಬಲೀಕರಣವೆಂದು ಗಣ್ಯರೊಬ್ಬರು ಕೊಂಡಾಡಿದರು. ವೇದಿಕೆಯ ಹದಿನೆಂಟು ಕುರ್ಚಿಗಳಲ್ಲಿ ಒಂದರಲ್ಲಿ ಮಹಿಳೆಯೊಬ್ಬರು ಇದ್ದುದರಿಂದ ಮಾತಿಗೆ ಬೆಲೆ ಬಂತು.

ಈಗ ಮೇಸ್ತ್ರಿ ಅಂಥದೇ ಒಂದು ವಸತಿ ಸಮುಚ್ಚಯದ ಮೂರನೇ ಮಹಡಿಯಲ್ಲಿದ್ದಾರೆ. ಗೋಡೆಯ ಮೇಲೆ ಯೋಜನೆಯ ಲಾಂಛನ, ಇಬ್ಬರು ನಾಯಕರ ಭಾವಚಿತ್ರ, ಫಲಾನುಭವಿಯ ಹೆಸರು ಎಲ್ಲವೂ ಇವೆ. ಹೆಸರು ಮೇಸ್ತ್ರಿಯದಲ್ಲ, ಸ್ಥಳೀಯ ಮುಖಂಡರ ನಾದಿನಿಯದು. ಆ ಬಡ ಹೆಣ್ಣುಮಗಳು ಎರಡು ಬಡಾವಣೆ ಆಚೆ ಸ್ವಂತ ಮನೆಯಲ್ಲಿದ್ದು, ತಿಂಗಳ ಐದನೇ ತಾರೀಕು ಸ್ಕೂಟರಿನಲ್ಲಿ ಬಂದು ಬಾಡಿಗೆ ವಸೂಲಿ ಮಾಡುತ್ತಾರೆ. ಮುಂಗಡ ಹತ್ತು ತಿಂಗಳದ್ದು ಕೊಟ್ಟಾಗಿದೆ. ವಿದ್ಯುತ್ ಬಿಲ್ ಬಾಡಿಗೆದಾರರದು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಸರ್ಕಾರಿ ಸ್ವತ್ತು.