ಎರಡು ಸಾವಿರದೊಳಗಿನ ದೈತ್ಯಸಂಹಾರ

ನಮ್ಮಲ್ಲಿ ತಿಂಗಳಿಗೊಬ್ಬ ದೈತ್ಯ ಸಾಯುತ್ತಾನೆ. ಕೊಲ್ಲುವುದು ಸಾವಿರದ ಐನೂರು ರೂಪಾಯಿಯ ಐಇಎಂ ಎಂಬ ಇಯರ್‌ಫೋನ್. ಸಾಯುವುದು ಹದಿನೈದು ಸಾವಿರದ್ದು. ಕೊಲೆಗೆ ಸಾಕ್ಷಿ ಒಬ್ಬ ವಿಮರ್ಶಕ. ‘ಜೈಂಟ್ ಕಿಲ್ಲರ್’ ಅಂತ ದಪ್ಪಕ್ಷರದಲ್ಲಿ ಘೋಷಿಸುತ್ತಾನೆ. ಮುಂದಿನ ತಿಂಗಳು ಇನ್ನೊಂದು ಬಂದು ಹಳೇ ಕೊಲೆಗಾರನನ್ನೂ ಮುಗಿಸುತ್ತದೆ. ವಿಚಿತ್ರ ಅಂದ್ರೆ, ಸತ್ತ ದೈತ್ಯರೆಲ್ಲ ಈಗಲೂ ಅದೇ ಹದಿನೈದು ಸಾವಿರಕ್ಕೆ ಅಂಗಡಿಯಲ್ಲಿ ಆರಾಮಾಗಿ ಕೂತಿದ್ದಾರೆ.

ಐಇಎಂ, ಅಂದರೆ ಇನ್-ಇಯರ್ ಮಾನಿಟರ್, ವೇದಿಕೆ ಮೇಲೆ ಹಾಡುವವರು ತಮ್ಮ ದನಿ ತಮಗೇ ಸರಿಯಾಗಿ ಕೇಳಲಿ ಅಂತ ಕಿವಿಗೆ ಸಿಕ್ಕಿಸಿಕೊಳ್ಳುವ ಸಾಧನ. ಈಗ ಅದು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತ ಬಿಎಂಟಿಸಿ ಬಸ್ಸಿನ ಕಿಟಕಿ ಸೀಟಿಗೆ ಬಂದಿದೆ. ಅಲ್ಲಿ ಕೂತು, ಕೆಳಗೆ ಎಂಜಿನ್ ಗುಡುಗುತ್ತಿರುವಾಗ, ನಮ್ಮ ಹುಡುಗರು ‘ಸಬ್-ಬಾಸ್ ಸ್ವಲ್ಪ ಕಮ್ಮಿ’ ಅಂತ ತೀರ್ಪು ಬರೆಯುತ್ತಾರೆ. ಆ ಸಬ್-ಬಾಸ್, ಅಂದರೆ ತೀರಾ ತಗ್ಗಿನ ಸದ್ದನ್ನು, ತಿಂದದ್ದು ಬಸ್ಸು. ಅಪವಾದ ಮಾತ್ರ ಇಯರ್‌ಫೋನಿಗೆ.

ಒಂದು ಮಾತು ಒಪ್ಪಲೇಬೇಕು. ಅಗ್ಗದ ಐಇಎಂಗಳು ಈಗ ನಿಜಕ್ಕೂ ಚೆನ್ನಾಗಿವೆ. ಮೊದಲು ಅಗ್ಗದ್ದು ಅಂದ್ರೆ ‘ಡಬ್ಬಾ’ ಅಂತ ಒಂದೇ ಮಾತಲ್ಲಿ ಮುಗಿಸಬಹುದಿತ್ತು. ಆಮೇಲೆ ಹಾರ್ಮನ್ ಎಂಬ ಆಡಿಯೊ ಕಂಪನಿಯ ಶಾನ್ ಆಲಿವ್ ಮತ್ತು ಸಂಗಡಿಗರು ಜನರನ್ನು ಕೂರಿಸಿ, ಕೇಳಿಸಿ, ಹೆಚ್ಚಿನವರಿಗೆ ಎಂಥ ಸದ್ದು ಹಿಡಿಸುತ್ತದೆ ಅಂತ ಗ್ರಾಫಿನ ಮೇಲೆ ಒಂದು ಗೆರೆ ಎಳೆದುಕೊಟ್ಟರು. ಚೀನಾದ ಕಂಪನಿಗಳು ಅಗ್ಗದಲ್ಲೇ ಆ ಗೆರೆಯ ಆಸುಪಾಸಿಗೆ ಬಂದವು. 2022ರಲ್ಲಿ ಬಂದ ಮೂನ್‌ಡ್ರಾಪ್ ಚು, ಸೆವೆನ್‌ಹರ್ಟ್ಜ್ ಸಾಲ್ನೋಟ್ಸ್ ಜೀರೋ ಎರಡೂ ಸುಮಾರು 20 ಡಾಲರಿನವು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಎಲ್ಲವೂ ಚೆನ್ನಾಗಿರುವಾಗ ಬರೆಯೋಕೆ ಏನಿರುತ್ತೆ? ಸರಿಯಾಗಿ ಅಲ್ಲಿಂದಲೇ ವಿಮರ್ಶೆಗಳು ಉದ್ದವಾಗತೊಡಗಿದವು.

ಎರಡು ಐಇಎಂ ಸೆಟ್ಟಿನ ನಡುವೆ ಇರುವುದು ಕೂದಲೆಳೆಯ ವ್ಯತ್ಯಾಸ. ಆ ಕೂದಲಿನ ಮೇಲೆ ಎರಡು ಸಾವಿರ ಪದ ಬರೆಯಬೇಕಾದರೆ ಅದನ್ನು ಸೀಳಲೇಬೇಕು. ಹಾಗಾಗಿ ಬಾಸ್‌ಗೆ, ಅಂದರೆ ತಗ್ಗಿನ ಸದ್ದಿಗೆ, ‘ಅಧಿಕಾರ’ ಬಂತು. ನಡುವಿನ ಸದ್ದು, ಮಿಡ್ಸ್, ‘ಬೆಣ್ಣೆ’ಯಾಯಿತು. ಮೇಲಿನ ಕೀಚಲು ಸದ್ದಾದ ಟ್ರೆಬಲ್‌ನಲ್ಲಿ ‘ಗಾಳಿ’ ಆಡತೊಡಗಿತು. ಐವತ್ತು ದಾಟಿದವರ ಕಿವಿಗೆ 15 ಕಿಲೋಹರ್ಟ್ಸ್ ಮೇಲಿನದ್ದು ಕೇಳುವುದೇ ಅಪರೂಪ. ಆದರೂ ಆ ಗಾಳಿಯನ್ನು ಸವಿದು ಬರೆಯುವ ಹಿರಿಯರಿದ್ದಾರೆ. ಅನುಭವ ಅನ್ನಬೇಕು.

ಈ ಮೌಲ್ಯಮಾಪನದ ರಾಜ ಅಂದರೆ ಸೌಂಡ್‌ಸ್ಟೇಜ್. ಯಾವ ವಾದ್ಯ ಎಲ್ಲಿ ಕೂತಿದೆ ಅಂತ ಹೇಳುವ ವಿದ್ಯೆ. ನಮ್ಮ ಆಫೀಸಿನಲ್ಲಿ ಒಬ್ಬರಿಗೆ ಇದು ಸಿದ್ಧಿಸಿದೆ. ಮೊನ್ನೆ ಕ್ಯಾಂಟೀನಿನಲ್ಲಿ ಹೊಸ ಸೆಟ್ ಹಾಕಿಕೊಂಡು, ಕಣ್ಣು ಮುಚ್ಚಿ, ಒಂದು ಬೆರಳೆತ್ತಿ, ‘ಪಿಟೀಲು ಎಡಕ್ಕಿದೆ, ಸ್ವಲ್ಪ ಹಿಂದೆ. ತಬಲಾ ಬಲಕ್ಕೆ. ಹಾಡುವವರು ನೆತ್ತಿ ಮೇಲೆ’ ಅಂದರು. ಇಣುಕಿ ನೋಡಿದೆ. ಕೇಳುತ್ತಿದ್ದದ್ದು ಎಪ್ಪತ್ತರ ದಶಕದ ಚಿತ್ರಗೀತೆ. ಮೋನೋ ರೆಕಾರ್ಡಿಂಗ್. ಎಡಗಿವಿಗೆ ಬಂದದ್ದೇ ಬಲಗಿವಿಗೂ. ಇಡೀ ವಾದ್ಯಗೋಷ್ಠಿ ಪಾಪ ತಲೆಯ ನಡುಮಧ್ಯೆ ಒಂದೇ ಚುಕ್ಕೆಯಲ್ಲಿ ಒತ್ತಿಕೊಂಡು ನಿಂತಿತ್ತು. ಇವರು ಎಲ್ಲರಿಗೂ ಕುರ್ಚಿ ಹಾಕಿ ಕೂರಿಸಿಬಿಟ್ಟರು. ‘ಸರ್, ಘಟ ಎಲ್ಲಿದೆ?’ ಅಂತ ಪಕ್ಕದ ಹುಡುಗ ಕೇಳಿದ. ಅದು ಇನ್ನೂ ಬರ್ನ್-ಇನ್ ಆಗಬೇಕಂತೆ.

ಬರ್ನ್-ಇನ್ ಒಂದು ವ್ರತ. ಡಬ್ಬಿಯಿಂದ ತೆಗೆದ ಕೂಡಲೇ ತೀರ್ಪು ಕೊಡಬಾರದು. 100 ಗಂಟೆ ನುಡಿಸಬೇಕು. ಆಗ ಬಾಸ್ ‘ಬಿಚ್ಚಿಕೊಳ್ಳುತ್ತದೆ’. ದಿನಕ್ಕೆ ಎರಡು ಗಂಟೆ ಅಂತ ಹಿಡಿದರೂ ಐವತ್ತು ದಿನ. ಅಷ್ಟರಲ್ಲಿ ವಾಪಸ್ ಕೊಡುವ ಅವಧಿ ಮುಗಿದಿರುತ್ತದೆ, ಕಿವಿ ಆ ಸದ್ದಿಗೆ ಒಗ್ಗಿರುತ್ತದೆ. ಬಿಚ್ಚಿಕೊಂಡದ್ದು ಬಾಸೋ ನೀವೋ ಅಂತ ಯಾರು ವಿಚಾರಿಸಬೇಕು?

ಇನ್ನೊಂದು ಪಂಗಡ ಇದೆ. ಅವರು ಕೇಳುವುದೇ ಇಲ್ಲ, ಗ್ರಾಫ್ ನೋಡುತ್ತಾರೆ. ‘711 ಕಪ್ಲರ್’ ಅಂತ ಒಂದು ಲೋಹದ ಕೊಳವೆ. ನಮ್ಮ ಕಿವಿಯ ಕಾಲುವೆಯ ಪಾತ್ರ ಅದರದ್ದು, ಕೊನೆಯಲ್ಲಿ ಒಂದು ಮೈಕ್. ಐಇಎಂ ತುರುಕಿದರೆ, ತಗ್ಗಿನಿಂದ ಮೇಲಿನವರೆಗೆ ಯಾವ ಸದ್ದು ಎಷ್ಟು ಜೋರು ಅಂತ ಕಂಪ್ಯೂಟರಿನಲ್ಲಿ ಗೆರೆ ಮೂಡುತ್ತದೆ. ಒಳ್ಳೇ ಉಪಕರಣವೇ, ತಪ್ಪು ಅದರದ್ದಲ್ಲ. ಆದರೆ ಗೆರೆಯಲ್ಲಿ 8 ಕಿಲೋಹರ್ಟ್ಸ್ ಹತ್ತಿರ ಸಾಮಾನ್ಯವಾಗಿ ಒಂದು ಗುಡ್ಡ ಏಳುತ್ತದೆ. ಅದು ಬಹುಪಾಲು ಕೊಳವೆಯೊಳಗಿನ ಮಾರ್ದನಿ. ಐಇಎಂ ಇನ್ನೊಂಚೂರು ಒಳಗೆ ತಳ್ಳಿದರೆ ಗುಡ್ಡ ಪಕ್ಕಕ್ಕೆ ಜರುಗುತ್ತದೆ. ಅದರ ಮೇಲೆ ನಿಂತು ‘ಈ ಸೆಟ್ಟಿನಲ್ಲಿ ಸ, ಶ ಕಿವಿಗೆ ಚುಚ್ಚುತ್ತೆ’ ಅಂತ ಡಂಗುರ ಸಾರುವವರು ಸೆಟ್ಟನ್ನು ಕೈಯಲ್ಲಿ ಹಿಡಿದೂ ನೋಡಿರುವುದಿಲ್ಲ. ಜಾತಕ ನೋಡಿಯೇ ಸಂಬಂಧ ಬೇಡ ಅಂದ ಹಾಗೆ.

ಇಷ್ಟಾಗಿ ಇದು ‘ಬಜೆಟ್’ ಹವ್ಯಾಸ. ಐಇಎಂ 1500. ಫೋನಿಗೆ 3.5 ಎಂಎಂ ತೂತಿಲ್ಲ, ಹಾಗಾಗಿ ನಡುವೆ ಜೋಡಿಸುವ ಡಾಂಗಲ್ 3000. ಜೊತೆಗೆ ಬಂದ ಕೇಬಲ್ ‘ಸದ್ದನ್ನು ಕಟ್ಟಿಹಾಕುತ್ತದೆ’, ಹಾಗಾಗಿ ಬೆಳ್ಳಿ ಲೇಪದ ಎಂಟೆಳೆ ಜಡೆ, 1800. ಹಾಡು? ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದು. 2017ರಲ್ಲಿ ಯೆರೂನ್ ಬ್ರೀಬಾರ್ಟ್ ಎಂಬ ಸಂಶೋಧಕ 283 ಹೆಡ್‌ಫೋನ್‌ಗಳನ್ನು ಅಳೆದ ಲೆಕ್ಕ ಮುಂದಿಟ್ಟು, ಬೆಲೆಗೂ ಫ್ರೀಕ್ವೆನ್ಸಿ ರೆಸ್ಪಾನ್ಸಿಗೂ (ಅದೇ ಆ ಗ್ರಾಫಿನ ಗೆರೆಗೂ) ಸಂಬಂಧ ಕಾಣಲಿಲ್ಲ ಅಂತ ಪ್ರಕಟಿಸಿದರು. ನಮ್ಮ ವಿಮರ್ಶಕರು ಇದನ್ನು ತುಂಬಾ ಗೌರವದಿಂದ ಉಲ್ಲೇಖಿಸುತ್ತಾರೆ. ಅದೇ ಉಸಿರಿನಲ್ಲಿ ‘ಮುಂದೆ ಯಾವುದಕ್ಕೆ ಅಪ್‌ಗ್ರೇಡ್ ಆಗಬೇಕು’ ಅಂತ ಪಟ್ಟಿ ಕೊಡುತ್ತಾರೆ.

ಹೋಲಿಕೆ ಮಾಡುವ ರೀತಿಯೂ ಚೆಂದ. ಎರಡು ಸೆಟ್ಟನ್ನು ಹೋಲಿಸಬೇಕಾದರೆ ಸದ್ದಿನ ಮಟ್ಟ ಒಂದೇ ಇರಬೇಕು. ಯಾಕಂದ್ರೆ ಒಂದೆರಡು ಡೆಸಿಬಲ್ ಜೋರಾಗಿರುವುದು ನಮಗೆ ‘ಜೋರಾಗಿದೆ’ ಅನ್ನಿಸುವುದಿಲ್ಲ, ‘ಚೆನ್ನಾಗಿದೆ’ ಅನ್ನಿಸುತ್ತದೆ. ಇದನ್ನು ಸರಿದೂಗಿಸಿ ಕೇಳುವವರು ಬೆರಳೆಣಿಕೆ. ಎಷ್ಟೋ ದೈತ್ಯರು ಸತ್ತದ್ದು ಬರೀ ವಾಲ್ಯೂಮ್ ಬಟನ್ನಿನಿಂದ.

ಈಗ ಐಇಎಂ ತುದಿಗೆ ಹಾಕುವ ರಬ್ಬರ್ ಟೋಪಿಯ ವಿಷಯ. ಡಬ್ಬಿಯಲ್ಲಿ ಸಣ್ಣ ಪ್ಲಾಸ್ಟಿಕ್ ಚೀಲ ಇರುತ್ತದೆ, ಒಳಗೆ ಮೂರು ಅಳತೆಯ ಸಿಲಿಕೋನ್ ಟಿಪ್ಸ್. ಹೆಚ್ಚಿನವರ ಮನೆಯಲ್ಲಿ ಆ ಚೀಲ ಒಡೆದೇ ಇರುವುದಿಲ್ಲ. ಸದ್ದಿನ ಅರ್ಧ ಹಣೆಬರಹ ಇರುವುದು ಅದರಲ್ಲೇ. ಟಿಪ್ ಕಿವಿಯನ್ನು ಸರಿಯಾಗಿ ಮುಚ್ಚದಿದ್ದರೆ ಬಾಸ್ ಸೋರಿಹೋಗುತ್ತದೆ. ಪರೀಕ್ಷೆ ಸುಲಭ: ಬಾಸ್ ಇರುವ ಹಾಡು ಹಾಕಿ, ಐಇಎಂ ಮೇಲೆ ಬೆರಳಿಟ್ಟು ಮೆಲ್ಲಗೆ ಒಳಕ್ಕೆ ಒತ್ತಿ. ಸದ್ದು ತಟ್ಟನೆ ದಪ್ಪ ಆದರೆ ಟಿಪ್ ನಿಮ್ಮ ಅಳತೆಯದ್ದಲ್ಲ. ಎಷ್ಟೋ ಜನಕ್ಕೆ ಎಡಗಿವಿಗೆ ಒಂದು ಅಳತೆ, ಬಲಗಿವಿಗೆ ಇನ್ನೊಂದು. ಮೂತಿ ಅಗಲ ಇರುವ ಟಿಪ್ ಹಾಕಿದರೂ ಟ್ರೆಬಲ್ ಬದಲಾಗುತ್ತದೆ. ಅಂದರೆ ಒಂದೇ ಸೆಟ್ ನಿಮಗೊಂದು ಥರ, ನನಗೊಂದು ಥರ ಕೇಳುತ್ತದೆ. ಕೇಬಲ್ಲಿಗೆ ಮೂರು ಪ್ಯಾರಾ ಕೊಟ್ಟ ವಿಮರ್ಶಕ ಇದಕ್ಕೆ ಕೊಡುವುದು ಒಂದು ಸಾಲು: ‘ಟಿಪ್ಸ್ ಪರವಾಗಿಲ್ಲ.’

ಇನ್ನು ಟಿಂಬರ್, ಅಂದರೆ ವಾದ್ಯ ವಾದ್ಯದ ಹಾಗೇ ಕೇಳಿಸುತ್ತದಾ ಅನ್ನುವುದು. ಅದಕ್ಕೆ ಎಲ್ಲರೂ ಯಾವುದೋ ಅಮೆರಿಕನ್ ಬ್ಯಾಂಡಿನ ಲೈವ್ ರೆಕಾರ್ಡಿಂಗನ್ನೇ ಹಾಕುತ್ತಾರೆ. ಎದುರು ಕೂತು ಕೇಳಿದ ಘಟವೋ, ಮೃದಂಗದ ತೊಪ್ಪಿಯೋ, ಚಂಡೆಯೋ ಇದ್ದರೆ ಗುರುತು ಹಿಡಿಯುವುದು ಸುಲಭ ಅಲ್ವಾ? ಇದನ್ನು ಹೇಳಿದ್ದಕ್ಕೆ ನಮ್ಮ ಆಫೀಸಿನ ಆ ಸೌಂಡ್‌ಸ್ಟೇಜ್ ಸಿದ್ಧರು ರಾಮನವಮಿ ಕಚೇರಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ ಹೋಗಿ ಬಂದರು. ‘ಮಿಡ್ಸ್ ಸ್ವಲ್ಪ ಹಿಂದೆ, ಇಮೇಜಿಂಗ್ ಸಾಲದು’ ಅಂದರು. ಕೂತದ್ದು ಎಡಗಡೆ ಸ್ಪೀಕರಿನ ಕೆಳಗೆ.

ಮೊನ್ನೆ ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ನಿಂತಿದ್ದೆ. ಮಧ್ಯವಯಸ್ಸಿನ ಒಬ್ಬರು ಬಂದರು. ಕೌಂಟರಿನ ಹುಡುಗ ಎರಡು ಡಬ್ಬಿ ಮುಂದಿಟ್ಟು ಶುರುಮಾಡಿದ. ಡೈನಾಮಿಕ್ ಡ್ರೈವರ್, ಹಾರ್ಮನ್ ಟ್ಯೂನಿಂಗ್, 2 ಪಿನ್ ಕೇಬಲ್. ಅವರು ಎಲ್ಲ ಕೇಳಿಸಿಕೊಂಡು, ‘ಅದೆಲ್ಲ ಇರ್ಲಿ ಕಣಪ್ಪ, ಫೋನ್ ಬಂದ್ರೆ ಮಾತಾಡಕ್ಕಾಗತ್ತಾ?’ ಅಂದರು.

‘ಇದು ಮೈಕ್ ಇಲ್ಲದ್ದು ಸರ್. ಮೈಕ್ ಇರೋದು ನೂರು ರೂಪಾಯಿ ಜಾಸ್ತಿ.’

‘ಹಂಗಂತ ಎಲ್ಲೂ ಬರ್ದಿರ್ಲಿಲ್ವಲ್ಲ’ ಅನ್ನುತ್ತಾ ಅವರು ಜೇಬಿಗೆ ಕೈ ಹಾಕಿದರು.