ಎಂಟು ಬೇಡ, ನಾಲ್ಕೇ ಪ್ರದರ್ಶನ ಮಾಡಿ

ಸಾರ್ವಜನಿಕ ಕಲಾ ಗ್ಯಾಲರಿಯೊಂದು ವರ್ಷದ ಪ್ರದರ್ಶನಗಳ ಪಟ್ಟಿ ಹೊರಡಿಸಿದಾಗ ಎಲ್ಲರೂ ಓದುವುದು ಕಲಾವಿದರ ಹೆಸರುಗಳನ್ನು. ಮೊದಲು ತಾರೀಕು ನೋಡಿ ಎನ್ನುತ್ತೇನೆ ನಾನು. ಒಂದು ಪ್ರದರ್ಶನ ಮುಗಿಯುವ ದಿನಕ್ಕೂ ಮುಂದಿನದು ತೆರೆಯುವ ದಿನಕ್ಕೂ ನಡುವೆ ಎಷ್ಟು ದಿನ ಬಿಟ್ಟಿದ್ದಾರೆ? ಆ ಸೀಸನ್ ಹೇಗಿರುತ್ತದೆ ಎನ್ನುವುದು ಅರ್ಧಕ್ಕರ್ಧ ಅಲ್ಲೇ ತೀರ್ಮಾನವಾಗಿರುತ್ತದೆ.

ಲೆಕ್ಕ ಸುಲಭ. ಹತ್ತು ವಾರದ ನಾಲ್ಕು ಪ್ರದರ್ಶನ, ಪ್ರತಿಯೊಂದರ ನಂತರ ಮೂರು ವಾರ ಬಿಡುವು: ಒಟ್ಟು 52 ವಾರ. ಐದು ವಾರದ ಎಂಟು ಪ್ರದರ್ಶನ, ಪ್ರತಿಯೊಂದರ ನಂತರ ಒಂದೂವರೆ ವಾರ ಬಿಡುವು: ಅದೂ 52 ವಾರವೇ. ಎರಡರಲ್ಲೂ ಗ್ಯಾಲರಿ ತೆರೆದಿರುವುದು 40 ವಾರ, ಮುಚ್ಚಿರುವುದು 12 ವಾರ. ನೋಡುಗರಿಗೆ ಒಂದು ದಿನವೂ ಕಮ್ಮಿಯಾಗುವುದಿಲ್ಲ. ಹಾಗಿದ್ದರೂ ವಾರ್ಷಿಕ ವರದಿಯಲ್ಲಿ ‘ಎಂಟು’ ಎಂದು ಬರೆಯುವ ಆಸೆಗೆ ಎರಡನೆಯ ದಾರಿ ಹಿಡಿಯುವುದು ತಪ್ಪು. ಯಾಕೆ ಎಂದು ವಿವರವಾಗಿಯೇ ಬರೆಯುತ್ತೇನೆ. ಈ ಚರ್ಚೆಗಳಲ್ಲಿ ಪ್ರದರ್ಶನ ರೂಪಿಸುವ ಕ್ಯುರೇಟರ್ ಬರೆದ ಆಶಯದ ಬಗ್ಗೆ ಎಷ್ಟು ಬೇಕಾದರೂ ಮಾತಾಡುತ್ತೇವೆ, ಗೋಡೆ, ಬಣ್ಣ, ಮೊಳೆ, ದೀಪದ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ.

ಮೂರು ವಾರ ಅಂದರೆ ವಾರದ ರಜೆ ಕಳೆದು 18 ಕೆಲಸದ ದಿನ. ಮಧ್ಯಮ ಗಾತ್ರದ ಗ್ಯಾಲರಿಯಲ್ಲಿ ಅದು ಹೀಗೆ ಖರ್ಚಾಗುತ್ತದೆ. ಹಳೆಯ ಕೃತಿಗಳನ್ನು ಇಳಿಸಿ, ಪರೀಕ್ಷಿಸಿ, ಪೆಟ್ಟಿಗೆಗೆ ಹಾಕಲು ಮೂರು ದಿನ. ಮೊಳೆ ತೂತುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಧೂಳು ತೆಗೆಯಲು ಎರಡು ದಿನ. ಎರಡು ಕೋಟ್ ಬಣ್ಣಕ್ಕೆ ಎರಡು. ಬಣ್ಣ ಆರಲು ಮೂರು. ಹೊಸ ಕೃತಿಗಳನ್ನು ತೂಗುಹಾಕಿ ಜೋಡಿಸಲು ನಾಲ್ಕು. ದೀಪಕ್ಕೆ ಎರಡು. ಬರಹದ ಫಲಕಗಳಿಗೆ ಒಂದು. ಕೊನೆಯ ದಿನ ಕಾವಲಿನವರು, ಸ್ವಚ್ಛತೆಯವರು, ಟಿಕೆಟ್ ಮೇಜಿನವರು ಎಲ್ಲರನ್ನೂ ಕರೆದುಕೊಂಡು ಇಡೀ ಪ್ರದರ್ಶನ ಸುತ್ತಿಸುವುದು. ಸರಿಯಾಗಿ 18. ಇದರಲ್ಲಿ ಐಷಾರಾಮ ಅನ್ನುವುದು ಒಂದೂ ಇಲ್ಲ.

ಈಗ ಇದನ್ನೇ ಒಂಬತ್ತು ದಿನಕ್ಕೆ ಇಳಿಸಿ. ಇಳಿಸುವುದು, ಪ್ಯಾಕಿಂಗ್, ಪುಟ್ಟಿ, ಬಣ್ಣ ಇವನ್ನು ಬಿಡುವ ಹಾಗಿಲ್ಲ. ಕತ್ತರಿ ಬೀಳುವುದು ಬಣ್ಣ ಆರುವ ದಿನಗಳಿಗೆ, ದೀಪಕ್ಕೆ ಮತ್ತು ಸಿಬ್ಬಂದಿಯ ಸುತ್ತಾಟಕ್ಕೆ.

ಬಣ್ಣದ ಮಾತು ಮೊದಲು. ಎರಡು ಗಂಟೆಯಲ್ಲಿ ಕೈಗೆ ಅಂಟದ ಹಾಗಾಗುತ್ತದೆ ನಿಜ, ಆದರೆ ಕೈಗೆ ಅಂಟದಿರುವುದು ಬೇರೆ, ಪೂರ್ತಿ ಗಟ್ಟಿಯಾಗುವುದು ಬೇರೆ. 200 ಚದರ ಮೀಟರ್ ಗೋಡೆಗೆ ಎರಡು ಕೋಟ್ ಹೊಡೆದರೆ, ಲೀಟರಿಗೆ 10 ಚದರ ಮೀಟರಿನ ಲೆಕ್ಕದಲ್ಲಿ 40 ಲೀಟರ್ ಬಣ್ಣ. ಎಮಲ್ಷನ್ ಬಣ್ಣದಲ್ಲಿ ಸುಮಾರು ಅರ್ಧ ನೀರು. ಅಂದರೆ ಹತ್ತಿರ ಹತ್ತಿರ 20 ಲೀಟರ್ ನೀರು ಆ ಕೋಣೆಯ ಗಾಳಿಗೇ ಸೇರಬೇಕು. ಕಾಗದದ ಕೃತಿ ಬಾಗದೆ ಇರಬೇಕಾದರೆ ಗಾಳಿಯ ತೇವಾಂಶ ಶೇಕಡಾ 40ರಿಂದ 60ರ ಒಳಗೆ ನಿಲ್ಲಬೇಕು, ದಿನದಿನಕ್ಕೆ ಏರಿಳಿಯಬಾರದು. ನಿನ್ನೆ ಬಣ್ಣ ಹೊಡೆದ ಕೋಣೆಗೆ ಇವತ್ತು ಜಲವರ್ಣ ತಂದಿಟ್ಟರೆ ಫ್ರೇಮಿನೊಳಗಿನ ಕಾಗದ ಅಲೆಅಲೆಯಾಗಿ ಏಳುತ್ತದೆ. ಫ್ರೇಮಿನ ಹಿಂದಿನ ಕೆಳಮೂಲೆಗಳಿಗೆ ಉಣ್ಣೆಬಟ್ಟೆಯ ಚಿಕ್ಕ ಗುಂಡಿಗಳನ್ನು ಅಂಟಿಸದೆ ಹಸಿ ಗೋಡೆಗೆ ತಾಗಿಸಿದರೆ, ಹತ್ತು ವಾರದ ನಂತರ ಫ್ರೇಮು ತೆಗೆಯುವಾಗ ಗೋಡೆಯ ಬಣ್ಣ ಚಕ್ಕೆಯಾಗಿ ಅದರ ಜೊತೆಗೇ ಬರುತ್ತದೆ. ಗೋಡೆಗೆ ಅಂಟಿಸುವ ವಿನೈಲ್ ಅಕ್ಷರಗಳ ಕಥೆಯೂ ಇದೇ. ಉದ್ಘಾಟನೆಯ ಮೂರನೇ ದಿನಕ್ಕೆ ಕಲಾವಿದರ ಹೆಸರಿನ ಒತ್ತಕ್ಷರ ಸುರುಳಿಯಾಗಿ ಎದ್ದು ನಿಂತಿದ್ದರೆ ಅಂಟು ಕೆಟ್ಟದು ಎಂದು ಬೈಯುತ್ತೇವೆ. ಹೆಚ್ಚಿನ ಸಲ ತಪ್ಪು ಅಂಟಿನದಲ್ಲ, ಆರದ ಬಣ್ಣದ್ದು.

ಬಣ್ಣ ಆರುವ ಆ ಮೂರು ದಿನ ಕೆಲಸ ನಿಂತಿರುತ್ತದೆ ಎಂದು ಆಡಳಿತದವರು ತಿಳಿಯುತ್ತಾರೆ. ನಿಂತಿರುವುದಿಲ್ಲ. ಹೊಸ ಕೃತಿಗಳ ಪೆಟ್ಟಿಗೆಗಳು ಬರುವುದು ಆಗಲೇ. ಬಂದ ತಕ್ಷಣ ತೆರೆಯುವ ಹಾಗಿಲ್ಲ, ಹವೆ ಸ್ಥಿರವಾಗಿರುವ ದಾಸ್ತಾನು ಕೋಣೆಯಲ್ಲಿ ಕನಿಷ್ಠ 24 ಗಂಟೆ ಮುಚ್ಚಿದಂತೆಯೇ ಇರಬೇಕು. ತಣ್ಣಗಿನ ಲಾರಿಯಿಂದ ಇಳಿದ ಪೆಟ್ಟಿಗೆಯನ್ನು ಬೆಚ್ಚಗಿನ ಕೋಣೆಯಲ್ಲಿ ತೆರೆದರೆ ಗಾಜಿನ ಮೇಲೆ, ಲೋಹದ ಮೇಲೆ ನೀರ ಹನಿ ಕೂರುತ್ತದೆ. ಆಮೇಲೆ ಸ್ಥಿತಿ ಪರಿಶೀಲನೆ. ಕೋಣೆಯ ದೀಪ ಆರಿಸಿ ಟಾರ್ಚನ್ನು ಕೃತಿಯ ಮೇಲ್ಮೈಗೆ ಓರೆಯಾಗಿ, ಹೆಚ್ಚುಕಡಿಮೆ ಸಮಾಂತರವಾಗಿ ಹಿಡಿಯಬೇಕು. ಎದುರಿನ ಬೆಳಕಿಗೆ ಕಾಣದ ಉಬ್ಬು, ಬಿರುಕು, ಬೆರಳಿನ ಗುರುತು ಎಲ್ಲ ನೆರಳಾಗಿ ಎದ್ದು ಕಾಣುತ್ತವೆ. ಫೋಟೊ ತೆಗೆದು, ಎಲ್ಲಿ ಏನು ಎಂದು ಗುರುತು ಹಾಕಿ, ತಂದವರೂ ಪಡೆದವರೂ ಸಹಿ ಮಾಡಬೇಕು. ವಿಮೆ ‘ಮೊಳೆಯಿಂದ ಮೊಳೆಗೆ’ ಇರುತ್ತದೆ, ಅಂದರೆ ಕೃತಿ ಒಡೆಯರ ಗೋಡೆಯ ಮೊಳೆಯಿಂದ ಇಳಿದ ಗಳಿಗೆಯಿಂದ ಮರಳಿ ಅದೇ ಮೊಳೆಗೆ ಸೇರುವ ತನಕ. ಆದರೆ ಬಿರುಕು ಬರುವಾಗಲೇ ಇತ್ತೋ ಇಲ್ಲಿ ಆಯಿತೋ ಎಂದು ಹೇಳಬಲ್ಲದ್ದು ಆ ಕಾಗದ ಒಂದೇ.

ತೂಗುಹಾಕುವ ಕೆಲಸದಲ್ಲಿ ಲೆಕ್ಕ ತಪ್ಪುವುದು ಒಂದೇ ಜಾಗದಲ್ಲಿ. ಚಿತ್ರದ ನಡುಬಿಂದು ನೆಲದಿಂದ 150 ಸೆಂ.ಮೀ. ಎತ್ತರದಲ್ಲಿರಲಿ ಎಂದು ಇಟ್ಟುಕೊಳ್ಳಿ. ಚಿತ್ರದ ಎತ್ತರ 80, ಅದರ ಅರ್ಧ 40, ಹಾಗಾಗಿ ಮೇಲಂಚು 190ಕ್ಕೆ ಬರುತ್ತದೆ. ಹಿಂದಿನ ಉಂಗುರ ಮೇಲಂಚಿನಿಂದ 8 ಸೆಂ.ಮೀ. ಕೆಳಗಿದ್ದರೆ ಕೊಕ್ಕೆ ಕೂರಬೇಕಾದ್ದು 182ರಲ್ಲಿ. ಈ ಎಂಟನ್ನು ಕಳೆಯಲು ಮರೆತೇ ಅರ್ಧ ತೂತುಗಳು ವ್ಯರ್ಥವಾಗುತ್ತವೆ. ತಂತಿ ಕಟ್ಟಿ ಒಂದೇ ಮೊಳೆಗೆ ನೇತುಹಾಕುವುದನ್ನು ಬಿಡಬೇಕು, ಭಾರಕ್ಕೆ ತಂತಿ ಜಗ್ಗುತ್ತದೆ, ಯಾರೋ ಪಕ್ಕದಲ್ಲಿ ಜೋರಾಗಿ ಬಾಗಿಲು ಹಾಕಿದರೆ ಚಿತ್ರ ಸೊಟ್ಟಗಾಗುತ್ತದೆ. ಎರಡು ಉಂಗುರ, ಎರಡು ಕೊಕ್ಕೆ. 120 ಸೆಂ.ಮೀ. ಅಗಲದ ಚಿತ್ರದಲ್ಲಿ ಉಂಗುರಗಳು ಎರಡೂ ಅಂಚಿನಿಂದ 15 ಒಳಗಿದ್ದರೆ ಕೊಕ್ಕೆಗಳ ನಡುವೆ 90. ರಸಮಟ್ಟ ಇಟ್ಟು ನೋಡಿ, ಆಮೇಲೆ ಹತ್ತು ಹೆಜ್ಜೆ ಹಿಂದೆ ಬಂದು ಕಣ್ಣಲ್ಲೂ ನೋಡಿ. ಹಳೆಯ ಕಟ್ಟಡದ ನೆಲವೇ ಓರೆಯಿದ್ದರೆ ರಸಮಟ್ಟದ ಮಾತು ಸರಿ, ಕಣ್ಣಿಗೆ ಮಾತ್ರ ಸೊಟ್ಟ. ಅಂಥಲ್ಲಿ ಕಣ್ಣಿನ ಮಾತು ಕೇಳುವುದೇ ಒಳ್ಳೆಯದು.

ಇನ್ನು ಬೆಳಕು. ಇದಕ್ಕೆ ಎರಡು ದಿನ ಕೊಡಲೇಬೇಕು ಎಂದು ಹಟ ಹಿಡಿಯುತ್ತೇನೆ. ಕಾಗದ, ಬಟ್ಟೆ, ಬಣ್ಣದ ಫೋಟೊಗಳಿಗೆ 50 ಲಕ್ಸ್ (ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ), ತೈಲವರ್ಣಕ್ಕೆ 200 ಲಕ್ಸ್ ಎನ್ನುವುದು ಎಲ್ಲ ಕಡೆ ಒಪ್ಪಿದ ರೂಢಿ. ಬಹಳ ಮಂದಿ ಇಷ್ಟಕ್ಕೇ ನಿಲ್ಲುತ್ತಾರೆ. ಆದರೆ ಹಾನಿ ಮಾಡುವುದು ಒಟ್ಟು ಬಿದ್ದ ಬೆಳಕು. ಹತ್ತು ವಾರ, ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ ಅಂದರೆ 480 ಗಂಟೆ. ಅದನ್ನು 50ರಿಂದ ಗುಣಿಸಿದರೆ 24,000 ಲಕ್ಸ್-ಗಂಟೆ. ಬೆಳಕಿಗೆ ಅತಿ ಬೇಗ ಮಾಸುವ ವಸ್ತುಗಳಿಗೆ ಅಂತರರಾಷ್ಟ್ರೀಯ ಬೆಳಕಿನ ಆಯೋಗ 2004ರಲ್ಲಿ ಸೂಚಿಸಿದ ಮಿತಿ ವರ್ಷಕ್ಕೆ 15,000. ಹಾಗಾದರೆ 50 ಲಕ್ಸ್ ಪಾಲಿಸಿದರೂ ಒಂದೇ ಪ್ರದರ್ಶನದಲ್ಲಿ ಮಿತಿ ದಾಟಿತು! ಇದಕ್ಕೆ ಉಪಾಯವಿದೆ. ಅಂಥ ಕೃತಿಗಳನ್ನು ಎರಡು ತಂಡ ಮಾಡಿ, ಐದನೇ ವಾರ ಮುಗಿದಾಗ ಬದಲಿಸುವುದು. ಒಂದೊಂದಕ್ಕೆ 12,000 ಮಾತ್ರ ಬೀಳುತ್ತದೆ, ಮತ್ತೆ ಬಂದವರಿಗೆ ಹೊಸದು ನೋಡಸಿಗುತ್ತದೆ. ನಾಲ್ಕೇ ಪ್ರದರ್ಶನ ಅಂದರೆ ಜನ ಬರುವುದು ಕಮ್ಮಿಯಾಗುತ್ತದೆ ಎನ್ನುವವರಿಗೂ ಉತ್ತರ ಇದರಲ್ಲೇ ಇದೆ.

‘ಕೋಣೆ ಕತ್ತಲು ಕತ್ತಲು, ಏನೂ ಕಾಣುವುದಿಲ್ಲ’ ಎಂಬ ದೂರು ಬಂದಾಗ ದೀಪ ಏರಿಸಬಾರದು, ಅದಕ್ಕೆ ಮುಂಚಿನ ಕೋಣೆಯ ದೀಪ ಇಳಿಸಬೇಕು. ಬಿಸಿಲಿನ ಮೊಗಸಾಲೆಯಿಂದ ನೇರ 50 ಲಕ್ಸ್ ಕೋಣೆಗೆ ಕಾಲಿಟ್ಟರೆ ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷವೇ ಬೇಕು. ನಡುವೆ ಮಂದ ಬೆಳಕಿನ ಒಂದು ಓಣಿ ಕೊಟ್ಟು, ಪೀಠಿಕೆಯ ಬರಹವನ್ನು ಅಲ್ಲೇ ಹಾಕಿದರೆ ಓದಿ ಮುಗಿಸುವಷ್ಟರಲ್ಲಿ ಕಣ್ಣು ಸಿದ್ಧವಾಗಿರುತ್ತದೆ. ಆ ಬರಹ 150 ಪದ ಮೀರದಿರಲಿ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಇಂಗ್ಲಿಷ್ ವಿನ್ಯಾಸದ ಚೌಕಟ್ಟಿಗೇ ಕನ್ನಡವನ್ನು ತುರುಕಿದರೆ ಒಂದು ಸಾಲಿನ ಒತ್ತು ಮುಂದಿನ ಸಾಲಿನ ಗುಣಿಸಿಗೆ ತಾಗಿ ಓದುವುದೇ ಸಂಕಟ.

ವಿಡಿಯೊ ಕೃತಿಗಳ ಪಾಡು ಕೇಳಬೇಡಿ. ಪ್ರೊಜೆಕ್ಟರಿನ ದೂರದ ಅನುಪಾತ, ಅಂದರೆ ಪರದೆಗಿರುವ ದೂರ ಚಿತ್ರದ ಅಗಲದ ಎಷ್ಟು ಪಟ್ಟು ಎನ್ನುವುದು, 1.5 ಇದ್ದರೆ 3 ಮೀಟರ್ ಅಗಲದ ಚಿತ್ರಕ್ಕೆ 4.5 ಮೀಟರ್ ದೂರ ಬೇಕು, ಇದನ್ನು ಕೋಣೆ ಹಂಚುವಾಗಲೇ ನೋಡಬೇಕು. ಪ್ರೊಜೆಕ್ಟರ್ ಹೊರಸೂಸುವ 3,000 ಲ್ಯೂಮೆನ್ ಬೆಳಕು ಸುಮಾರು 5 ಚದರ ಮೀಟರ್ ಪರದೆಗೆ ಹರಡಿದರೆ 600 ಲಕ್ಸ್, ಕತ್ತಲೆಯಲ್ಲಿ ಧಾರಾಳ ಸಾಕು. ಬಾಗಿಲ ಸಂದಿಯಿಂದ 100 ಲಕ್ಸ್ ಸೋರಿತೋ, ಚಿತ್ರದ ಕಪ್ಪೆಲ್ಲ ಬೂದಿಯಾಗುತ್ತದೆ. ಶಬ್ದವೂ ಹೀಗೇ ಸೋರುತ್ತದೆ. ಎರಡು ವಿಡಿಯೊ ಅಕ್ಕಪಕ್ಕ ಇಡುವುದಾದರೆ ಒಂದಕ್ಕೆ ಹೆಡ್‌ಫೋನ್ ಕೊಡಿ, ಇಲ್ಲವೇ ನಡುವೆ ಸದ್ದಿಲ್ಲದ ಕೃತಿಯ ಕೋಣೆ ಬರಲಿ. ತಲಾ 25 ನಿಮಿಷದ ಆರು ವಿಡಿಯೊ ಇಟ್ಟರೆ ಎರಡೂವರೆ ಗಂಟೆ. ನಿಂತು ನೋಡಿ ಎಂದರೆ ಯಾರು ನೋಡುತ್ತಾರೆ? ಬೆನ್ನಿಗೆ ಆನಿಕೆ ಇರುವ ಬೆಂಚು ಹಾಕಿ, ಎಷ್ಟು ನಿಮಿಷದ್ದು, ಮುಂದಿನ ಸಲ ಎಷ್ಟು ಗಂಟೆಗೆ ಶುರು ಎಂದು ಬಾಗಿಲಲ್ಲೇ ಬರೆಯಿರಿ. ಇದಕ್ಕೆ ಖರ್ಚಿಲ್ಲ, ಮಾಡುವವರೂ ಕಡಿಮೆ.

ಸಮಕಾಲೀನ ಕಲೆಯ ಕಷ್ಟ ಇನ್ನೊಂದಿದೆ. ಕೃತಿ ಯಾವುದು, ಸಾಮಗ್ರಿ ಯಾವುದು ಎನ್ನುವುದೇ ಕೆಲವು ಸಲ ಸ್ಪಷ್ಟವಿರುವುದಿಲ್ಲ. ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್ 1991ರಲ್ಲಿ ಮಾಡಿದ ಒಂದು ಕೃತಿ ಮೂಲೆಯಲ್ಲಿ ಸುರಿದ ಮಿಠಾಯಿಗಳ ರಾಶಿ, ಆದರ್ಶ ತೂಕ 175 ಪೌಂಡ್, ಅಂದರೆ ಸುಮಾರು 79 ಕೆ.ಜಿ. ಏಡ್ಸ್‌ನಿಂದ ತೀರಿಕೊಂಡ ಸಂಗಾತಿಯ ಭಾವಚಿತ್ರ ಅದು. ನೋಡುಗರು ಒಂದೊಂದು ತೆಗೆದುಕೊಂಡು ಹೋಗುತ್ತಾರೆ, ರಾಶಿ ಕರಗುತ್ತದೆ, ಮತ್ತೆ ತುಂಬಲಾಗುತ್ತದೆ. ಇಂಥದನ್ನು ಕಾಯುವವರಿಗೆ ‘ಮುಟ್ಟಬೇಡಿ’ ಎನ್ನುವ ಅಭ್ಯಾಸ ಬಿಟ್ಟು ‘ತೆಗೆದುಕೊಳ್ಳಿ’ ಎನ್ನಲು ಹೇಳಿಕೊಡಬೇಕು. ನಾಮ್ ಜೂನ್ ಪೈಕ್ ಅವರ 1988ರ ಟಿವಿ ಗೋಪುರದಲ್ಲಿ 1,003 ಪರದೆಗಳು. ದಕ್ಷಿಣ ಕೊರಿಯಾದ ರಾಷ್ಟ್ರೀಯ ಆಧುನಿಕ ಮತ್ತು ಸಮಕಾಲೀನ ಕಲಾ ಮ್ಯೂಸಿಯಂ ಅದನ್ನು 2018ರಲ್ಲಿ ಸುರಕ್ಷತೆಯ ಕಾರಣಕ್ಕೆ ಆರಿಸಿ, 2022ರಲ್ಲಿ ದುರಸ್ತಿ ಮಾಡಿ ಹಚ್ಚಿತು. ರಿಪೇರಿಯಾಗದ ಹಳೆಯ ಟ್ಯೂಬುಗಳ ಜಾಗಕ್ಕೆ ಅದೇ ಆಕಾರ ಉಳಿಸಿ ಎಲ್‌ಸಿಡಿ ಹಾಕಿದರು. ಕೃತಿಯನ್ನು ಎರವಲು ತರುವ ಪತ್ರಕ್ಕೆ ಸಹಿ ಮಾಡುವ ಮುನ್ನವೇ ಕಲಾವಿದರಿಂದ ಬರಹದಲ್ಲಿ ತೆಗೆದುಕೊಳ್ಳಬೇಕಾದ್ದು ಇಂಥ ಉತ್ತರಗಳನ್ನೇ: ಏನು ಕೆಟ್ಟರೆ ಏನು ಬದಲಿಸಬಹುದು, ಯಾರು ಬದಲಿಸಬಹುದು, ಯಾವುದು ಕೆಟ್ಟರೆ ಇಡೀ ಕೃತಿಯನ್ನೇ ಮುಚ್ಚಬೇಕು.

ಕೊನೆಯ ದಿನದ ಸುತ್ತಾಟವನ್ನು ಯಾಕೆ ಕಡಿಯಬಾರದು ಎನ್ನುವುದಕ್ಕೆ 2015ರಲ್ಲಿ ಇಟಲಿಯ ಬೊಲ್ಸಾನೊದಲ್ಲಿ ಆದದ್ದನ್ನು ನೆನೆಯಿರಿ. ಅಲ್ಲಿನ ಕಲಾ ಮ್ಯೂಸಿಯಂ ಮ್ಯೂಸಿಯೋನ್‌ನಲ್ಲಿ ಖಾಲಿ ಶಾಂಪೇನ್ ಬಾಟಲಿ, ಬಣ್ಣದ ಕಾಗದದ ಚೂರುಗಳನ್ನು ಕೋಣೆಯಲ್ಲಿ ಜೋಡಿಸಿ ಮಾಡಿದ ಕಲಾಕೃತಿ, ಅಂದರೆ ಇನ್‌ಸ್ಟಲೇಷನ್ ಇತ್ತು. ಪಾರ್ಟಿ ಮುಗಿದ ಕಸವೆಂದು ಬಗೆದು ಸ್ವಚ್ಛತೆಯವರು ಎಲ್ಲವನ್ನೂ ಗುಡಿಸಿ ಚೀಲಕ್ಕೆ ತುಂಬಿದರು. ಆ ಕೆಲಸದವರನ್ನು ನೋಡಿ ಎಲ್ಲರೂ ನಕ್ಕರು. ನಗುವಂಥದ್ದೇನೂ ಇರಲಿಲ್ಲ, ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದವರು ಅವರು. ಎಲ್ಲಿಯವರೆಗೆ ಗುಡಿಸಬೇಕು, ಎಲ್ಲಿಂದ ಬೇಡ ಎಂದು ನೆಲದ ಮೇಲೆ ಒಂದು ಟೇಪು ಅಂಟಿಸಿ ತೋರಿಸುವುದು ಐದು ನಿಮಿಷದ ಕೆಲಸ.

ನಿಮ್ಮ ಹತ್ತಿರದ ಸಾರ್ವಜನಿಕ ಗ್ಯಾಲರಿಯ ಮುಂದಿನ ಸೀಸನ್ ಪಟ್ಟಿ ಕೈಗೆ ಬಂದಾಗ ಎರಡು ತಾರೀಕುಗಳ ನಡುವಿನ ಕೆಲಸದ ದಿನ ಎಣಿಸಿ. 18ಕ್ಕಿಂತ ತೀರಾ ಕಮ್ಮಿಯಿದ್ದರೆ ಅಭಿಪ್ರಾಯ ಪುಸ್ತಕದಲ್ಲಿ ಬರೆಯಿರಿ, ಯಾವ ಕೆಲಸ ಬಿಟ್ಟಿದ್ದೀರಿ ಎಂದು ಕೇಳಿ. ಅಲ್ಲಿ ಏಣಿ ಹತ್ತಿ ಕೆಲಸ ಮಾಡುವವರು ಇದನ್ನೇ ಒಳಗಿನಿಂದ ಎಷ್ಟೋ ಸಲ ಕೇಳಿರುತ್ತಾರೆ, ಹೊರಗಿನವರೂ ಕೇಳಿದರೆ ಅವರಿಗೆ ಬಲ ಬರುತ್ತದೆ.